ದೂರದಿಂದ ಗುಂಡು ಹೊಡೆದರೆ ಚಿಗರಿಗೆ ನೋವೇ ಆಗುವುದಿಲ್ಲವೇ?

ಎರೆ ಹೊಲದಲ್ಲಿ ಬಿತ್ತನೆ ಮುಗಿದು ಪೈರು ನಾಲ್ಕು ಎಲೆ ಬಿಟ್ಟಿತೆಂದರೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ರೈತರಿಗೆ ಮಳೆಯ ಚಿಂತೆಯ ಜೊತೆ ಚಿಗರಿಯ ಚಿಂತೆಯೂ ಶುರುವಾಗುತ್ತದೆ. ಹಿಂಡು ಹೊಲಕ್ಕೆ ಇಳಿದರೆ ಕಡಲೆ, ಜೋಳ, ಶೇಂಗಾದ ಎಳೆ ಕುಡಿ ಉಳಿಯುವುದಿಲ್ಲ. ತಿಂದದ್ದರ ಜೊತೆಗೆ ತುಳಿದದ್ದೂ ಹಾಳು. ಮರುಬಿತ್ತನೆ ಮಾಡೋಣವೆಂದರೆ ಬೀಜ, ಗೊಬ್ಬರ, ಆಳು ಎಲ್ಲಕ್ಕೂ ಮತ್ತೆ ಹಣ ಬೇಕು. ಅಷ್ಟರಲ್ಲಿ ಹೊಲದ ಹದ ಹೋಗಿರುತ್ತದೆ.

ಇಂಥ ಹೊತ್ತಿನಲ್ಲಿ ಮೊಬೈಲಿಗೆ ಬರುವ ಬೇಟೆಯ ವಿಡಿಯೊಗಳು ಮನಸ್ಸನ್ನು ಸೆಳೆಯುತ್ತವೆ. ಎಲ್ಲೋ ಹೊರದೇಶದ ಗುಡ್ಡ, ದುರ್ಬೀನು ಜೋಡಿಸಿದ ರೈಫಲ್, ಅರ್ಧ ಕಿಲೋಮೀಟರ್ ಆಚೆ ಮೇಯುತ್ತಿರುವ ಜಿಂಕೆ. ಒಂದೇ ಗುಂಡು, ಜಿಂಕೆ ಕುಸಿದು ಬೀಳುತ್ತದೆ. ಅದರ ಕೆಳಗೆ ಕೆಲವು ಮಾತು: ದೂರದಿಂದ ಹೊಡೆದರೆ ಪ್ರಾಣಿಗೆ ಗೊತ್ತೇ ಆಗುವುದಿಲ್ಲ, ಬೆಳೆ ತಿನ್ನುವ ಪ್ರಾಣಿಯನ್ನು ರೈತ ಹೊಡೆಯಬಹುದು, ಲೈಸೆನ್ಸ್ ಇದ್ದರೆ ಸಾಕು. ಈ ಮಾತುಗಳಲ್ಲಿ ನಿಜ ಎಷ್ಟು, ಸುಳ್ಳು ಎಷ್ಟು ಎಂದು ಒಂದೊಂದಾಗಿ ನೋಡೋಣ.

ಮೊದಲಿಗೆ, ಚಿಗರಿ ಎಂದರೆ ಯಾವುದು?

ನಮ್ಮ ಬಯಲುಸೀಮೆಯಲ್ಲಿ ಚಿಗರಿ ಎಂದು ಕರೆಯುವುದು ಮುಖ್ಯವಾಗಿ ಕೃಷ್ಣಮೃಗವನ್ನು. ಹುಬ್ಬಳ್ಳಿ-ಧಾರವಾಡದ ಬಿಆರ್‌ಟಿಎಸ್ ಬಸ್ಸಿಗೆ ಇಟ್ಟಿರುವ ಹೆಸರೂ ಇದರದ್ದೇ. ಮಾತಿನಲ್ಲಿ ನಾವು ಜಿಂಕೆ ಎಂದರೂ ಇದು ಜಿಂಕೆಯ ಕುಟುಂಬದ್ದಲ್ಲ. ಚುಕ್ಕೆ ಜಿಂಕೆಯ ಕವಲುಗೊಂಬು ಕಾಲಕಾಲಕ್ಕೆ ಉದುರಿ ಮತ್ತೆ ಬೆಳೆಯುತ್ತದೆ. ಚಿಗರಿಯ ತಿರುಚಿದ ಕೊಂಬು ಉದುರುವುದಿಲ್ಲ, ಆಡಿನ ಕೊಂಬಿನಂತೆ ಜೀವನಪೂರ್ತಿ ಇರುತ್ತದೆ. ಈ ವ್ಯತ್ಯಾಸ ಕಾನೂನಿನಲ್ಲಿಯೂ ಇದೆ, ಅದನ್ನು ಮುಂದೆ ಹೇಳುತ್ತೇವೆ.

ಚಿಗರಿ ಕಾಡಿನ ಪ್ರಾಣಿಯಲ್ಲ, ಹುಲ್ಲುಗಾವಲಿನದು. ದೂರದವರೆಗೆ ಕಣ್ಣು ಹಾಯುವ ಬಯಲೇ ಅದರ ಮನೆ. ಆ ಬಯಲಿನ ಬಹುಪಾಲು ಈಗ ಹೊಲ. ಅದನ್ನು ಬೇಟೆಯಾಡುತ್ತಿದ್ದ ಚೀತಾ ಭಾರತದಲ್ಲಿ ಅಳಿದುಹೋಗಿದೆ ಎಂದು 1952ರಲ್ಲೇ ಘೋಷಿಸಲಾಯಿತು. ತೋಳಗಳು ಅಲ್ಲಲ್ಲಿ ಮಾತ್ರ ಉಳಿದಿವೆ. ಮೇವು ಹೊಲದಲ್ಲಿದೆ, ಹಿಡಿಯುವ ಶತ್ರು ಇಲ್ಲ. ಹಾಗಾಗಿ ಚಿಗರಿ ಹೊಲಕ್ಕೆ ಬರುತ್ತದೆ.

"ಶಬ್ದ ಕೇಳುವ ಮೊದಲೇ ಸತ್ತಿರುತ್ತದೆ, ನೋವೇ ಇಲ್ಲ"

ಇದು ಅರ್ಧ ನಿಜ. ಜಿಂಕೆ ಬೇಟೆಗೆ ಬಳಸುವ ಒಂದು ಸಾಮಾನ್ಯ ರೈಫಲ್ಲಿನ ಗುಂಡು ನಳಿಗೆ ಬಿಡುವಾಗ ಸೆಕೆಂಡಿಗೆ ಸುಮಾರು 800 ಮೀಟರ್ ವೇಗದಲ್ಲಿರುತ್ತದೆ. ಗಾಳಿಯ ತಡೆಯಿಂದ ವೇಗ ಕಡಿಮೆಯಾಗುತ್ತಾ ಹೋಗಿ 500 ಮೀಟರ್ ಮುಟ್ಟಲು ಸುಮಾರು ಮುಕ್ಕಾಲು ಸೆಕೆಂಡ್ ಬೇಕು. ಶಬ್ದಕ್ಕೆ ಅಷ್ಟೇ ದೂರಕ್ಕೆ ಸುಮಾರು ಒಂದೂವರೆ ಸೆಕೆಂಡ್ ಬೇಕು. ಅಂದರೆ ಗುಂಡು ಶಬ್ದಕ್ಕಿಂತ ಮೊದಲೇ ತಲುಪುತ್ತದೆ. ಆದರೆ ಎಲ್ಲಿಗೆ ತಲುಪುತ್ತದೆ ಎಂಬುದೇ ಪ್ರಶ್ನೆ.

ಪ್ರಾಣಿ ಬೇಗ ಸಾಯಬೇಕಾದರೆ ಗುಂಡು ಹೃದಯ ಮತ್ತು ಶ್ವಾಸಕೋಶ ಇರುವ ಜಾಗಕ್ಕೇ ಬೀಳಬೇಕು. ಚಿಗರಿಯ ಭುಜದ ಎತ್ತರವೇ ಹೆಚ್ಚೆಂದರೆ 80 ಸೆಂಟಿಮೀಟರಿನ ಆಸುಪಾಸು, ಅದರಲ್ಲಿ ಅರ್ಧದಷ್ಟು ಕಾಲು. ಗುರಿಯಿಡಬೇಕಾದ ಜಾಗ ಒಂದು ಜೋಳದ ರೊಟ್ಟಿಯಷ್ಟು ಅಗಲವೂ ಇಲ್ಲ. ಈಗ ಮೂರು ಲೆಕ್ಕ ನೋಡಿ.

ಒಂದು, ಕೈ. ಒಂದು ಮೀಟರ್ ಉದ್ದದ ಬಂದೂಕಿನ ತುದಿ ಒಂದೇ ಒಂದು ಮಿಲಿಮೀಟರ್ ಅಲುಗಿದರೆ 500 ಮೀಟರ್ ಆಚೆ ಗುಂಡು ಅರ್ಧ ಮೀಟರ್ ಪಕ್ಕಕ್ಕೆ ಹೋಗುತ್ತದೆ. ಉಸಿರಾಟಕ್ಕೇ ಅಷ್ಟು ಅಲುಗಾಟ ಬಂದುಬಿಡುತ್ತದೆ.

ಎರಡು, ನೆಲದ ಸೆಳೆತ ಮತ್ತು ಗಾಳಿ. ಮುಕ್ಕಾಲು ಸೆಕೆಂಡಿನಲ್ಲಿ ಗುಂಡು ನೇರ ಗೆರೆಯಿಂದ ಎರಡೂವರೆ ಮೀಟರಿಗೂ ಹೆಚ್ಚು ಕೆಳಗೆ ಇಳಿಯುತ್ತದೆ. ದೂರ ಅಳೆಯುವ ಲೇಸರ್ ಯಂತ್ರವಿದ್ದರೆ ಈ ಇಳಿತವನ್ನು ಲೆಕ್ಕ ಹಾಕಿ ಸರಿಪಡಿಸಬಹುದು. ಗಾಳಿ ಹಾಗಲ್ಲ. ಗಂಟೆಗೆ 15 ಕಿಲೋಮೀಟರಿನ ಅಡ್ಡಗಾಳಿ ಗುಂಡನ್ನು ಸುಮಾರು ಅರ್ಧ ಮೀಟರ್ ತಳ್ಳಬಲ್ಲದು. ಹೊಡೆಯುವವನ ಹತ್ತಿರ ಇರುವ ಗಾಳಿಯೇ ಪ್ರಾಣಿಯ ಹತ್ತಿರವೂ ಇರಬೇಕೆಂದಿಲ್ಲ. ನಮ್ಮ ಬಯಲಿನ ಗಾಳಿ ಎಂಥದ್ದೆಂದು ತೂರಿದವರಿಗೆಲ್ಲ ಗೊತ್ತು.

ಮೂರು, ಪ್ರಾಣಿ. ಇದಕ್ಕೆ ಯಾವ ಯಂತ್ರವೂ ಇಲ್ಲ. ಕುದುರೆ ಎಳೆದ ಮೇಲೆ ಮುಕ್ಕಾಲು ಸೆಕೆಂಡ್ ಚಿಗರಿ ತನ್ನ ಪಾಡಿಗೆ ತಾನಿರುತ್ತದೆ. ಆ ಹೊತ್ತಿನಲ್ಲಿ ಅದು ಒಂದು ಹೆಜ್ಜೆ ಮುಂದೆ ಇಟ್ಟರೆ ಸಾಕು, ಎದೆಗೆ ಹೊರಟ ಗುಂಡು ಹೊಟ್ಟೆಗೋ ತೊಡೆಗೋ ಬೀಳುತ್ತದೆ. ಹೊರಟ ಗುಂಡನ್ನು ವಾಪಸ್ ಕರೆಯಲಾಗದು.

ಹೊಟ್ಟೆಗೆ ಗುಂಡು ಬಿದ್ದ ಪ್ರಾಣಿ ತಕ್ಷಣ ಸಾಯುವುದಿಲ್ಲ. ಓಡುತ್ತದೆ. ಗಂಟೆಗೆ 80 ಕಿಲೋಮೀಟರ್ ವೇಗದವರೆಗೂ ಓಡಬಲ್ಲ ಪ್ರಾಣಿ ಇದು. ತೊಗರಿ ಹೊಲದಲ್ಲೋ ಕಬ್ಬಿನ ಗದ್ದೆಯಲ್ಲೋ ಅಡಗಿ, ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ನರಳಿ ಸಾಯುತ್ತದೆ. ತಾಯಿಯಾದರೆ ಹುಲ್ಲಿನಲ್ಲಿ ಬಚ್ಚಿಟ್ಟ ಮರಿಯೂ ಹಸಿದು ಸಾಯುತ್ತದೆ. ಹುಟ್ಟಿದ ಮೊದಲ ದಿನಗಳಲ್ಲಿ ಚಿಗರಿ ಮರಿ ತಾಯಿಯ ಹಿಂದೆ ಓಡಾಡದೆ ಒಂದೇ ಕಡೆ ಅಡಗಿ ಕೂತಿರುತ್ತದೆ.

ವಿಡಿಯೊದಲ್ಲಿ ಇದೆಲ್ಲ ಏಕೆ ಕಾಣುವುದಿಲ್ಲ? ಗುರಿ ತಪ್ಪಿದ್ದನ್ನು ಯಾರೂ ಅಪ್‌ಲೋಡ್ ಮಾಡುವುದಿಲ್ಲ, ಅಷ್ಟೇ. ನಾವು ನೋಡುವುದು ಆರಿಸಿ ತೆಗೆದ ಒಂದು ಹೊಡೆತವನ್ನು. ಲಾಟರಿ ಗೆದ್ದವರ ಫೋಟೊ ಮಾತ್ರ ಪೇಪರಿನಲ್ಲಿ ಬಂದಂತೆ.

ಬೇಟೆಗಾರರೇ ಏನು ಹೇಳುತ್ತಾರೆ?

ಅಮೆರಿಕದಂಥ ದೇಶಗಳಲ್ಲಿ ಪರವಾನಗಿ ಪಡೆದು ಜಿಂಕೆ ಬೇಟೆಯಾಡಬಹುದು. ಅಲ್ಲಿಯೂ ದೂರದ ಹೊಡೆತದ ಬಗ್ಗೆ ಬೇಟೆಗಾರರ ನಡುವೆಯೇ ಜಗಳವಿದೆ. ಒಂದು ಗುಂಪು ಹೇಳುವುದು: ಒಳ್ಳೆಯ ರೈಫಲ್, ಸಾಕಷ್ಟು ಅಭ್ಯಾಸ ಇದ್ದರೆ ದೂರ ಒಂದು ಸಮಸ್ಯೆಯಲ್ಲ, ಅಭ್ಯಾಸವಿಲ್ಲದವನು ಹತ್ತಿರದಿಂದ ಹೊಡೆದರೂ ಗಾಯವೇ ಆಗುತ್ತದೆ. ಈ ಮಾತಿನಲ್ಲಿ ಸತ್ಯವಿದೆ. ಇನ್ನೊಂದು ಗುಂಪಿನ ವಾದ ಬೇರೆ. 1887ರಲ್ಲಿ ಥಿಯೋಡರ್ ರೂಸ್‌ವೆಲ್ಟ್ ಮುಂದಾಗಿ ಕಟ್ಟಿದ ಬೂನ್ ಅಂಡ್ ಕ್ರಾಕೆಟ್ ಕ್ಲಬ್ ಬೇಟೆಗಾರರದ್ದೇ ಸಂಸ್ಥೆ. ಪ್ರಾಣಿಗೆ ಗ್ರಹಿಸಲು, ತಪ್ಪಿಸಿಕೊಳ್ಳಲು ಅವಕಾಶವಿರಬೇಕು, ಅದಿಲ್ಲದ್ದು ನ್ಯಾಯದ ಬೇಟೆಯಲ್ಲ ಎನ್ನುವುದು ಅದರ ನಿಲುವು. ಪ್ರಾಣಿಯನ್ನು ಗುರಿಹಲಗೆಯಂತೆ ಕಾಣುವ ದೂರದ ಹೊಡೆತವನ್ನು ಅದು ಒಪ್ಪುವುದಿಲ್ಲ.

ನಮಗೆ ಇದಕ್ಕಿಂತ ಮುಖ್ಯವಾಗಿ ಕಾಣುವುದು ಇನ್ನೊಂದು ವಿಷಯ: ಹೊಡೆದ ಮೇಲಿನ ಹೊಣೆ. ಗಾಯಗೊಂಡ ಪ್ರಾಣಿಯನ್ನು ಹುಡುಕಿ ಅದರ ನರಳಾಟ ಮುಗಿಸುವುದು ಬೇಟೆಗಾರನ ಮೊದಲ ಕರ್ತವ್ಯ ಎಂದು ಬೇಟೆ ಇರುವ ಕಡೆಗಳಲ್ಲೆಲ್ಲ ನಂಬಿಕೆಯಿದೆ. ಅರ್ಧ ಕಿಲೋಮೀಟರ್ ದೂರದಿಂದ ಹೊಡೆದವನಿಗೆ ಗುಂಡು ತಗುಲಿತೋ ಇಲ್ಲವೋ ಎಂಬುದೇ ಎಷ್ಟೋ ಸಲ ಖಚಿತವಿರುವುದಿಲ್ಲ. ಅವನು ಅಲ್ಲಿಗೆ ತಲುಪುವಷ್ಟರಲ್ಲಿ ಪ್ರಾಣಿ ಯಾವ ಕಡೆ ಹೋಯಿತು ಎಂಬುದೂ ತಿಳಿಯದು. ದೂರದ ಹೊಡೆತ ಪ್ರಾಣಿಯ ನೋವನ್ನು ಕಡಿಮೆ ಮಾಡುವುದಿಲ್ಲ, ಹೊಡೆದವನ ಕಣ್ಣಿಗೆ ಅದು ಬೀಳದಂತೆ ಮಾಡುತ್ತದೆ.

"ಅದು ಹೊರದೇಶದ ಮಾತು, ನಮ್ಮಲ್ಲಿ ಅಂಥ ರೈಫಲ್ ಎಲ್ಲಿದೆ?"

ಸರಿ. ನಮ್ಮ ಹಳ್ಳಿಗಳಲ್ಲಿ ಇರುವುದು ಹೆಚ್ಚಾಗಿ ಛರ್ರೆ ಹಾರಿಸುವ ಬಂದೂಕು ಅಥವಾ ಮದ್ದು ತುಂಬುವ ನಾಡಬಂದೂಕು. ಇವುಗಳ ಹೊಡೆತ ಪರಿಣಾಮಕಾರಿಯಾಗಿರುವುದು ಸುಮಾರು 30-40 ಮೀಟರ್‌ವರೆಗೆ ಮಾತ್ರ. ಅದಕ್ಕಿಂತ ಆಚೆ ಛರ್ರೆಗಳು ಚದುರಿಹೋಗುತ್ತವೆ, ಬಲ ಕುಂದುತ್ತದೆ. ರೈಫಲ್ಲಿಗೆ 500 ಮೀಟರ್ ಎಷ್ಟು ದೂರವೋ ನಾಡಬಂದೂಕಿಗೆ 100 ಮೀಟರ್ ಅಷ್ಟೇ ದೂರ. ಬಯಲಿನಲ್ಲಿ ಮನುಷ್ಯನನ್ನು ದೂರದಿಂದಲೇ ಕಂಡು ಓಡುವ ಚಿಗರಿಯ ಹತ್ತಿರ 30 ಮೀಟರಿನವರೆಗೆ ಹೋಗುವುದು ಕಷ್ಟ. ಹಾಗಾಗಿ ಹೊಡೆತ ದೂರದಿಂದಲೇ ಆಗುತ್ತದೆ, ಗಾಯವೇ ಹೆಚ್ಚಾಗುತ್ತದೆ.

ಇನ್ನೊಂದು ಅಪಾಯ ಮನುಷ್ಯರಿಗೇ. ಗುರಿ ತಪ್ಪಿದ ಗುಂಡು ಅಲ್ಲೇ ಬಿದ್ದುಬಿಡುವುದಿಲ್ಲ. ದೊಡ್ಡ ರೈಫಲ್ಲಿನ ಗುಂಡು ಮೂರು ಕಿಲೋಮೀಟರಿಗೂ ಆಚೆ ಹೋಗಬಲ್ಲದು. ಗುಡ್ಡಗಾಡಿನಲ್ಲಾದರೆ ಹಿಂದಿನ ಗುಡ್ಡ ಗುಂಡನ್ನು ತಡೆಯುತ್ತದೆ. ಭೀಮಾ ತೀರದಿಂದ ಕೃಷ್ಣಾ ತೀರದವರೆಗಿನ ನಮ್ಮ ಬಯಲಿನಲ್ಲಿ ಹೆಚ್ಚಿನ ಕಡೆ ತಡೆಯುವುದು ಏನೂ ಇಲ್ಲ. ಹೊಲದ ವಸ್ತಿಯಲ್ಲಿ ಮಲಗಿದವರು, ರಾತ್ರಿ ಕರೆಂಟ್ ಬಂದಾಗ ಪಂಪ್‌ಸೆಟ್ ಹಚ್ಚಲು ಹೋದವರು, ಗೊಬ್ಬರಕ್ಕಾಗಿ ಹೊಲದಲ್ಲಿ ಕುರಿ ಹಿಂಡು ನಿಲ್ಲಿಸಿ ಪಕ್ಕದಲ್ಲೇ ಮಲಗಿದ ಕುರಿಗಾಹಿಗಳು, ಎಲ್ಲರೂ ಆ ಕತ್ತಲಲ್ಲಿ ಇರುತ್ತಾರೆ. ಟಾರ್ಚ್ ಬೆಳಕಿಗೆ ಹೊಳೆಯುವ ಕಣ್ಣು ಚಿಗರಿಯದ್ದೇ ಆಗಬೇಕಿಲ್ಲ. ಕುರಿ, ಆಕಳು, ನಾಯಿ ಎಲ್ಲದರ ಕಣ್ಣೂ ಹೊಳೆಯುತ್ತದೆ.

"ಬೆಳೆ ತಿಂದರೆ ರೈತ ಹೊಡೆಯಬಹುದು" — ಕಾನೂನು ಏನು ಹೇಳುತ್ತದೆ?

ಇದು ತಪ್ಪು, ಇದನ್ನು ನಂಬಿದರೆ ಜೈಲು ಸೇರಬೇಕಾದೀತು. ಕೃಷ್ಣಮೃಗ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿದೆ. ಈ ಅನುಸೂಚಿಯ ಪ್ರಾಣಿಯನ್ನು ಕೊಲ್ಲಲು ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರು ಅನುಮತಿ ಕೊಡಬಹುದಾದದ್ದು ಅದು ಮನುಷ್ಯರ ಜೀವಕ್ಕೆ ಅಪಾಯಕಾರಿಯಾದಾಗ ಅಥವಾ ಚೇತರಿಸಿಕೊಳ್ಳಲಾಗದಷ್ಟು ಗಾಯ, ರೋಗ ಇದ್ದಾಗ. ಬೆಳೆ ಹಾನಿ ಆ ಪಟ್ಟಿಯಲ್ಲಿ ಇಲ್ಲ. ಚುಕ್ಕೆ ಜಿಂಕೆ, ಕಾಡುಹಂದಿ ಎರಡನೇ ಅನುಸೂಚಿಯಲ್ಲಿವೆ. ಅವುಗಳ ವಿಷಯದಲ್ಲಿ ಬೆಳೆ ಹಾನಿಯನ್ನು ಕಾನೂನು ಪರಿಗಣಿಸುತ್ತದೆ, ಆದರೆ ಅಲ್ಲಿಯೂ ಲಿಖಿತ ಆದೇಶ ಇಲ್ಲದೆ ಗುಂಡು ಹಾರಿಸುವಂತಿಲ್ಲ.

ಬೇಟೆ ಎಂದರೆ ಕೊಲ್ಲುವುದು ಮಾತ್ರ ಎಂದುಕೊಳ್ಳಬೇಡಿ. ಉರುಲು ಹಾಕುವುದು, ವಿಷವಿಡುವುದು, ಬೇಟೆಗಾಗಿ ಅಟ್ಟುವುದು, ಗಾಯಗೊಳಿಸುವುದು, ಇವುಗಳ ಪ್ರಯತ್ನ ಕೂಡ ಕಾಯ್ದೆಯ ಪ್ರಕಾರ ಬೇಟೆಯೇ. ಗುರಿ ತಪ್ಪಿದ ಗುಂಡೂ ಅಪರಾಧ. ಮೊದಲ ಅನುಸೂಚಿಯ ಪ್ರಾಣಿಯ ಬೇಟೆಗೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಜೈಲು ಮತ್ತು ಕನಿಷ್ಠ 25 ಸಾವಿರ ರೂಪಾಯಿ ದಂಡ. ಬಂದೂಕು, ವಾಹನ ಸರ್ಕಾರದ ಪಾಲಾಗಬಹುದು. ಬೆಳೆ ರಕ್ಷಣೆಗೆಂದು ಪಡೆದ ಲೈಸೆನ್ಸ್ ಬಂದೂಕು ಇಟ್ಟುಕೊಳ್ಳಲು ಕೊಟ್ಟದ್ದು, ವನ್ಯಜೀವಿ ಕೊಲ್ಲಲು ಕೊಟ್ಟದ್ದಲ್ಲ. ಕೃಷ್ಣಮೃಗದ ಪ್ರಕರಣ ಎಷ್ಟು ಕಾಲ ಬೆನ್ನು ಹತ್ತುತ್ತದೆ ಎಂಬುದಕ್ಕೆ ನಟ ಸಲ್ಮಾನ್ ಖಾನ್ ಪ್ರಕರಣವೇ ಸಾಕ್ಷಿ. ಘಟನೆ 1998ರದು, ಜೋಧಪುರದ ನ್ಯಾಯಾಲಯ ಐದು ವರ್ಷದ ಶಿಕ್ಷೆ ವಿಧಿಸಿದ್ದು 2018ರಲ್ಲಿ. ಅವರು ಜಾಮೀನು ಪಡೆದು ಮೇಲ್ಮನವಿ ಸಲ್ಲಿಸಿದರು.

"ಬಿಹಾರದಲ್ಲಿ ಸರ್ಕಾರವೇ ಶೂಟರ್‌ಗಳನ್ನು ಕರೆಸಿತ್ತಲ್ಲ?" ಎಂದು ಕೇಳುವವರಿದ್ದಾರೆ. ಹೌದು, 2016ರಲ್ಲಿ ಮೊಕಾಮಾದಲ್ಲಿ ನೂರಾರು ನೀಲಗಾಯ್‌ಗಳನ್ನು ಹೊಡೆಯಲಾಯಿತು. ಅದಕ್ಕೆ ಮೊದಲು ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿ ಆ ಪ್ರದೇಶದಲ್ಲಿ ನೀಲಗಾಯನ್ನು ಉಪದ್ರವಿ ಪ್ರಾಣಿ ಎಂದು ಘೋಷಿಸಿತ್ತು. ಮೊದಲ ಅನುಸೂಚಿಯ ಪ್ರಾಣಿಯನ್ನು ಹಾಗೆ ಘೋಷಿಸಲು ಕಾಯ್ದೆಯಲ್ಲಿ ಅವಕಾಶವಿಲ್ಲ. ನೀಲಗಾಯ್‌ಗೆ ಅನ್ವಯಿಸಿದ್ದು ಚಿಗರಿಗೆ ಅನ್ವಯಿಸದು.

ಇನ್ನೊಂದು ಸಂಗತಿ ಹೆಚ್ಚಿನವರಿಗೆ ತಿಳಿಯದು. 1972ರಲ್ಲಿ ಈ ಕಾಯ್ದೆ ಬಂದಾಗ ಕೆಲವು ಪ್ರಾಣಿಗಳ ಬೇಟೆಗೆ ಲೈಸೆನ್ಸ್ ಕೊಡುವ ಪದ್ಧತಿ ಇನ್ನೂ ಇತ್ತು. ಆಗಲೂ ಲೈಸೆನ್ಸ್ ಇದ್ದವರಿಗೆ ಕಟ್ಟುಪಾಡುಗಳಿದ್ದವು: ವಾಹನದ ಮೇಲಿಂದ ಹೊಡೆಯಬಾರದು, ವಾಹನದಿಂದ ಅಟ್ಟಬಾರದು, ನೀರು ಕುಡಿಯುವ ಜಾಗದಲ್ಲಿ ಹೊಂಚು ಹಾಕಬಾರದು, ಸೂರ್ಯ ಮುಳುಗಿದ ಮೇಲೆ ಬೇಟೆಯಾಡಬಾರದು, ಕೃತಕ ಬೆಳಕು ಬಳಸಬಾರದು. ಬೆಳಕು ಮತ್ತು ರಾತ್ರಿಯ ವಿಷಯದಲ್ಲಿ ವಿಶೇಷ ಅನುಮತಿಯ ವಿನಾಯಿತಿ ಮಾತ್ರ ಇತ್ತು. 1991ರ ತಿದ್ದುಪಡಿಯಲ್ಲಿ ಲೈಸೆನ್ಸ್ ಪದ್ಧತಿ ಹೋದಾಗ ಆ ನಿಯಮಗಳೂ ಹೋದವು. ಜೀಪಿನಲ್ಲಿ ಕೂತು, ಸರ್ಚ್‌ಲೈಟ್ ಬಿಟ್ಟು ಹೊಡೆಯುವುದು ಬೇಟೆಗೆ ಅನುಮತಿ ಇದ್ದ ಕಾಲದಲ್ಲೂ ನಿಷಿದ್ಧವಾಗಿತ್ತು. ಹಾಗಾಗಿ ಅದನ್ನು "ನಮ್ಮ ಹಿರಿಯರ ಶಿಕಾರಿ ಪರಂಪರೆ" ಎಂದು ಹೊಗಳುವುದು ಸರಿಯಲ್ಲ.

ಹಾಗಾದರೆ ರೈತ ಏನು ಮಾಡಬೇಕು?

ಚಿಗರಿಯನ್ನು ಉಳಿಸಬೇಕೆಂದು ದೇಶ ತೀರ್ಮಾನಿಸಿದೆ. 1974ರಲ್ಲಿ ರಾಣೆಬೆನ್ನೂರಿನಲ್ಲಿ ಅದಕ್ಕಾಗಿಯೇ ಅಭಯಾರಣ್ಯ ಮಾಡಲಾಯಿತು. ಆದರೆ ಅಭಯಾರಣ್ಯದ ಹೊರಗಿನ ಚಿಗರಿಗೆ ಮೇವು ಹಾಕುತ್ತಿರುವವನು ರೈತ. ಎಲ್ಲರ ಪರವಾಗಿ ಉಳಿಸಿದ ಪ್ರಾಣಿಯ ಖರ್ಚನ್ನು ಹೊಲದವನೊಬ್ಬನ ತಲೆಗೆ ಕಟ್ಟುವುದೂ ನ್ಯಾಯವಲ್ಲ. ಬಂದೂಕಿನ ನೀತಿ ಮಾತಾಡುವವರು ಈ ನೀತಿಯನ್ನೂ ಮಾತಾಡಬೇಕು.

ಬೆಳೆ ಹಾನಿಯಾದರೆ ಅದೇ ದಿನ ಫೋಟೊ ತೆಗೆಯಿರಿ. ಹೆಜ್ಜೆ ಗುರುತು, ಹಿಕ್ಕೆ, ತಿಂದ ಸಾಲು ಎಲ್ಲವೂ ಕಾಣುವಂತಿರಲಿ. ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಪ್ರತಿಯೊಂದಿಗೆ ನಿಮ್ಮ ಭಾಗದ ವಲಯ ಅರಣ್ಯಾಧಿಕಾರಿ ಕಚೇರಿಗೆ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಅಕ್ಕಪಕ್ಕದ ಹೊಲದವರು ಒಟ್ಟಿಗೆ ಅರ್ಜಿ ಕೊಟ್ಟರೆ ಹಾನಿಯ ವಿಸ್ತಾರ ದಾಖಲೆಗೆ ಬರುತ್ತದೆ. ದಾಖಲೆ ಇಲ್ಲದ ಹಾನಿ ಸರ್ಕಾರದ ಲೆಕ್ಕದಲ್ಲಿ ಆಗಿಯೇ ಇಲ್ಲ.

ಪೈರು ಎಳೆಯದಿರುವ ಮೊದಲ ವಾರಗಳೇ ಹೆಚ್ಚು ಅಪಾಯದ ಕಾಲ. ಆ ದಿನಗಳಲ್ಲಿ ಸರದಿ ಮೇಲೆ ಕಾವಲು, ಹಳೆ ಸೀರೆಯ ಬೇಲಿ, ತಗಡಿನ ಸದ್ದು ಇವು ಪೂರ್ತಿ ಅಲ್ಲದಿದ್ದರೂ ಹಾನಿ ತಗ್ಗಿಸುತ್ತವೆ. ಒಂದೇ ಉಪಾಯಕ್ಕೆ ಪ್ರಾಣಿ ಒಗ್ಗಿಕೊಳ್ಳುತ್ತದೆ, ಆಗಾಗ ಬದಲಿಸುತ್ತಿರಿ. ಕಂಬದ ಕರೆಂಟನ್ನು ನೇರ ತಂತಿ ಬೇಲಿಗೆ ಕೊಡುವುದನ್ನು ಮಾತ್ರ ಎಂದೂ ಮಾಡಬೇಡಿ. ಅದು ಅಪರಾಧ, ಅದಕ್ಕೆ ಮೊದಲು ಬಲಿಯಾಗುವವರು ನಿಮ್ಮ ಮನೆಯವರೇ ಆಗಬಹುದು.

ಗಾಯಗೊಂಡ ಚಿಗರಿ ಕಂಡರೆ ಅಟ್ಟಬೇಡಿ, ಸುತ್ತುವರಿದು ವಿಡಿಯೊ ಮಾಡಬೇಡಿ. ಗಾಬರಿಯ ಓಟದಿಂದಲೇ ಅದರ ಸ್ನಾಯುಗಳು ಹಾಳಾಗಿ ಸಾಯಬಹುದು. ನಾಯಿಗಳನ್ನು ದೂರವಿಟ್ಟು ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ. ರಾತ್ರಿ ಜೀಪು, ಸರ್ಚ್‌ಲೈಟ್, ಗುಂಡಿನ ಸದ್ದು ಗಮನಿಸಿದರೂ ಇದೇ ಸಂಖ್ಯೆ.

ಬೇಟೆಯ ವಿಡಿಯೊ ನಿಮ್ಮ ಗುಂಪಿಗೆ ಬಂದರೆ ಮುಂದಕ್ಕೆ ಕಳಿಸುವ ಮುನ್ನ ಆ ಮುಕ್ಕಾಲು ಸೆಕೆಂಡನ್ನು ನೆನೆಯಿರಿ. ಕಳಿಸಲೇಬೇಕೆಂದರೆ ಬೆಳೆ ಹಾನಿ ಅರ್ಜಿಗೆ ಏನೇನು ಬೇಕು ಎಂಬ ಮೇಲಿನ ಸಾಲುಗಳನ್ನು ಕಳಿಸಿ. ಹೊಲ ಕಳೆದುಕೊಂಡವನಿಗೆ ಕೆಲಸಕ್ಕೆ ಬರುವುದು ಅದೇ.