ಕೆಜಿಎಫ್‌ನ ಮಣ್ಣಿಗೆ ಬೆಲೆ ಕಟ್ಟುವ ಮುನ್ನ

ಮಾನ್ಯ ಮುಖ್ಯಮಂತ್ರಿಗಳೇ,

ಕೋಲಾರದ ಚಿನ್ನದ ಗಣಿ ಊರು ಕೆಜಿಎಫ್‌ನ ಸೈನೈಡ್ ದಿಬ್ಬಗಳಲ್ಲಿ ಉಳಿದಿರುವ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ 2024ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು. 13 ದಿಬ್ಬ, ಸುಮಾರು 1,003 ಎಕರೆ, ಅಂದಾಜು 3.3 ಕೋಟಿ ಟನ್ ಮಣ್ಣು. ಟನ್ನಿಗೆ ಗ್ರಾಂ ಆಸುಪಾಸು ಚಿನ್ನ ಸಿಕ್ಕರೂ ಗಿಟ್ಟುತ್ತದೆ ಎಂಬುದು ಲೆಕ್ಕಾಚಾರ. ಗಿಟ್ಟಬಹುದು. ಚಿನ್ನದ ದರ ಈಗ ಎಲ್ಲಿಗೆ ಮುಟ್ಟಿದೆ ಎಂದು ಮದುವೆಗೆ ಬಂದ ಮಗಳಿರುವ ಯಾವ ಮನೆಗೂ ಹೇಳಿಕೊಡಬೇಕಾಗಿಲ್ಲ. ಆದರೆ ಈ ಮಣ್ಣನ್ನು ಮೇಲೆ ತರಲು ಇಳಿದು ಸತ್ತವರು ಎಷ್ಟು ಮಂದಿ, ಯಾರು ಯಾರು? ಚಿನ್ನದ ಅಂದಾಜು ಇಷ್ಟು ನಿಖರವಾಗಿ ಸಿಗುವ ಊರಿನಲ್ಲಿ ಅವರ ಹೆಸರುಗಳನ್ನು ಒಂದೆಡೆ ಬರೆದಿಟ್ಟ ಜಾಗವಿಲ್ಲ.

ದೂರದಿಂದ ನೋಡಿದರೆ ಆ ದಿಬ್ಬಗಳು ಬರೀ ಬೋಳು ಗುಡ್ಡಗಳು. ಸಿನಿಮಾದವರು ಅಲ್ಲಿ ಸೆಟ್ ಹಾಕಿದರು. ಈಗ ಹುಡುಗರು ಡೈಲಾಗ್ ಹೊಡೆದು ರೀಲ್ಸ್ ಮಾಡುತ್ತಾರೆ. ಅದರ ಬಗ್ಗೆ ನನಗೆ ಸಿಟ್ಟಿಲ್ಲ, ಅವರಿಗೆ ಬೇರೆ ಏನನ್ನಾದರೂ ತೋರಿಸಲು ನಾವು ಇಟ್ಟಿದ್ದೇವೆಯೇ? 1880ರಲ್ಲಿ ಜಾನ್ ಟೇಲರ್ ಕಂಪನಿ ಕಾಲಿಟ್ಟಾಗಿನಿಂದ 2001ರ ಫೆಬ್ರವರಿ 28ರಂದು ಸರ್ಕಾರಿ ಕಂಪನಿ ಬಿಜಿಎಂಎಲ್ (ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್) ಬಾಗಿಲು ಮುಚ್ಚುವವರೆಗೆ ಇಲ್ಲಿಂದ ಹೊರಟ ಚಿನ್ನ 800 ಟನ್ನಿಗೂ ಹೆಚ್ಚು. ಅದುರು ತುಂಬಿದ ಬಂಡೆಯನ್ನು ಕುಟ್ಟಿ ಹಿಟ್ಟು ಮಾಡಿ, ಸೈನೈಡ್ ನೀರಿನಲ್ಲಿ ಚಿನ್ನ ಬಿಡಿಸಿಕೊಂಡು, ಉಳಿದದ್ದನ್ನು ಊರ ಮಗ್ಗುಲಲ್ಲೇ ಸುರಿದರು. ಗಾಳಿಗಾಲದಲ್ಲಿ ಅದು ಇಂದಿಗೂ ಎದ್ದು ಮನೆಯೊಳಗೆ ಬರುತ್ತದೆ.

ಆ ಹಿಟ್ಟು ಎಲ್ಲಿಂದ ಬಂತೆಂದು ಸ್ವಲ್ಪ ನಿಂತು ಯೋಚಿಸಬೇಕು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳ. ಅಲ್ಲಿ ಬಂಡೆಯ ಬಿಸಿಯೇ 60 ಡಿಗ್ರಿ ಸೆಲ್ಸಿಯಸ್ ದಾಟುತ್ತಿತ್ತು. ಅದುರು ತೆಗೆದಂತೆಲ್ಲ ಒಳಗೆ ಟೊಳ್ಳು. ಸುತ್ತಲಿನ ಗಟ್ಟಿ ಬಂಡೆ ಮೇಲಿನ ಭಾರವನ್ನೆಲ್ಲ ತಾನೇ ಹೊತ್ತು, ಹೊತ್ತು, ಒಂದು ಗಳಿಗೆಯಲ್ಲಿ ಸಿಡಿಯುತ್ತಿತ್ತು. ಅದೇ ರಾಕ್‌ಬರ್ಸ್ಟ್. ಮುನ್ಸೂಚನೆಯಿಲ್ಲ, ಓಡಲು ಜಾಗವಿಲ್ಲ. ಅದರ ನಡುಕ ಮೇಲಿನ ಕಾರ್ಮಿಕರ ಲೈನ್ ಮನೆಗಳಿಗೂ ಮುಟ್ಟುತ್ತಿತ್ತು. ಆ ನಡುಕಕ್ಕೆ ಮನೆಯ ಹೆಂಗಸರಿಗೆ ಮೊದಲು ಏಳುತ್ತಿದ್ದ ಪ್ರಶ್ನೆ ಒಂದೇ: ಈಗ ಕೆಳಗಿರುವುದು ಯಾವ ಶಿಫ್ಟು?

ಸಿಡಿತದಲ್ಲಿ ಸತ್ತವರನ್ನಾದರೂ ಎಣಿಸಬಹುದು. ಧೂಳು ಕುಡಿದು, ಮನೆಗೆ ಬಂದು, ವರ್ಷಗಟ್ಟಲೆ ಕೆಮ್ಮಿ ಸತ್ತವರನ್ನು ಯಾವ ಖಾತೆಗೆ ಹಾಕುತ್ತೀರಿ? ಕಲ್ಲಿನ ಧೂಳಿನಿಂದ ಬರುವ ಈ ಶ್ವಾಸಕೋಶದ ರೋಗ, ಸಿಲಿಕೋಸಿಸ್, ಭಾರತದಲ್ಲಿ ಮೊದಲು ವರದಿಯಾದದ್ದೇ ಇಲ್ಲಿ, 1934ರಲ್ಲಿ. 1947ರಲ್ಲಿ ಪ್ರಕಟವಾದ ವೈದ್ಯರ ಅಧ್ಯಯನವೊಂದು ತಪಾಸಣೆಗೆ ಒಳಗಾದ ಕಾರ್ಮಿಕರಲ್ಲಿ ಶೇ 43.7 ಮಂದಿಗೆ ಈ ರೋಗವಿದೆ ಎಂದಿತು. ವೈದ್ಯಕೀಯ ವಿದ್ಯಾರ್ಥಿಗಳು ಈ ಅಂಕಿಯನ್ನು ಪರೀಕ್ಷೆಗೆ ಬಾಯಿಪಾಠ ಮಾಡುತ್ತಾರೆ. ಊರಿನಲ್ಲಿ ಅದನ್ನು ಕೆತ್ತಿದ ಒಂದು ಕಲ್ಲೂ ಇಲ್ಲ.

ದಾಖಲೆ ಸಿಗುವುದಿಲ್ಲ ಎಂದು ನಿಮ್ಮ ಅಧಿಕಾರಿಗಳು ಷರಾ ಬರೆದರೆ ನಂಬಬೇಡಿ. ಕಾರ್ಮಿಕರ ಬೆರಳಚ್ಚು ನೋಂದಣಿಯನ್ನು ಕಡ್ಡಾಯ ಮಾಡಿದ್ದಕ್ಕೇ 1930ರಲ್ಲಿ ಇಲ್ಲಿ ದೊಡ್ಡ ಮುಷ್ಕರವಾಯಿತು. ಚಿನ್ನ ಕದ್ದಾರೆಂಬ ಭಯಕ್ಕೆ ಒಬ್ಬೊಬ್ಬರನ್ನೂ ತಡಕಿ, ಬೆರಳೊತ್ತಿಸಿ ಇಟ್ಟುಕೊಂಡ ಕಂಪನಿ ಸತ್ತವರ ಹೆಸರನ್ನು ಮಾತ್ರ ಬರೆದಿಡಲಿಲ್ಲವೇ? ಬಿಜಿಎಂಎಲ್ ಕಡತಗಳಿವೆ, ಹಳೇ ಮೈಸೂರು ಸರ್ಕಾರದ ಗಣಿ ಇಲಾಖೆಯ ವಾರ್ಷಿಕ ವರದಿಗಳಿವೆ. ಇಲ್ಲದಿರುವುದು ಅವನ್ನು ಬಿಚ್ಚುವ ಮನಸ್ಸು.

ಮನಸ್ಸು ಯಾಕಿಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ. ಸತ್ತವರಲ್ಲಿ ಬಹುಪಾಲು ಉತ್ತರ ಆರ್ಕಾಟ್, ಚಿತ್ತೂರು ಕಡೆಯಿಂದ ಬಂದ ದಲಿತರು. ಮನೆಮಾತು ತಮಿಳು, ತೆಲುಗು. ನವೆಂಬರ್ ಒಂದರಂದು ಚಿನ್ನದ ನಾಡು ಎಂದು ಕೊಂಡಾಡುವ ನಮಗೆ ಚಿನ್ನ ನಮ್ಮದು, ತೆಗೆದವರು ಹೊರಗಿನವರು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಬೆಂಗಳೂರಿಗಿಂತ ಮೊದಲು ಕೆಜಿಎಫ್‌ಗೆ ಹೋಯಿತೆಂಬುದು ನಮ್ಮ ಹೆಮ್ಮೆ. 1946ರ ನವೆಂಬರ್ 4ರಂದು ಪೊಲೀಸರ ಗುಂಡಿಗೆ ಬಿದ್ದ ಆರು ಕಾರ್ಮಿಕರನ್ನು ನೆನೆಯುವವರು ಮಾತ್ರ ಅವರ ಸಂಘದವರೇ. ನವೆಂಬರ್ ತಿಂಗಳೇ, ರಾಜ್ಯೋತ್ಸವವಾಗಿ ಮೂರು ದಿನಕ್ಕೆ.

ಹಾಗೆಂದು ದಿಬ್ಬ ಮುಟ್ಟಬೇಡಿ, ಊರನ್ನು ಸ್ಮಶಾನದ ಹಾಗೆ ಬಿಟ್ಟುಬಿಡಿ ಎನ್ನುವವನಲ್ಲ ನಾನು. ಹಾಗೆ ಹೇಳುವವರು ಬೆಳಿಗ್ಗೆ ಕೆಜಿಎಫ್‌ನ ಮಾರಿಕುಪ್ಪಂನಿಂದ ಬೆಂಗಳೂರಿಗೆ ಹೊರಡುವ ರೈಲನ್ನೊಮ್ಮೆ ನೋಡಬೇಕು. ಗಣಿಯವರ ಮಕ್ಕಳು ಮೊಮ್ಮಕ್ಕಳು ಅದರಲ್ಲಿ ನೇತಾಡಿಕೊಂಡು ಬಂದು, ನಿಮ್ಮ ರಾಜಧಾನಿಯಲ್ಲಿ ದುಡಿದು, ರಾತ್ರಿ ಮನೆ ಸೇರುತ್ತಾರೆ. ಊರಿಗೆ ಕೆಲಸ ಬೇಕು. ಕೈಗಾರಿಕಾ ಪ್ರದೇಶಕ್ಕೆ ನೀವು ಕೇಂದ್ರದಿಂದ ಜಾಗ ಕೇಳಿದ್ದೂ ಸರಿ. ಉದ್ಯೋಗವಿಲ್ಲದ ಊರಿಗೆ ಬರೀ ಸ್ಮಾರಕ ಕಟ್ಟಿ ಕೈತೊಳೆದುಕೊಂಡರೆ ಅದು ಇನ್ನೊಂದು ಅವಮಾನ.

ಆದರೆ ದಿಬ್ಬಗಳ ಗುತ್ತಿಗೆಯ ಒಪ್ಪಿಗೆ ನಿಮ್ಮ ಕೈಲಿದ್ದಾಗ ರಾಜ್ಯಕ್ಕೆ ಬರಬೇಕಾದ ಬಾಕಿ ಹಣದ ಮಾತಾಡಿದಿರಿ, ಎಕರೆಗಳ ಮಾತಾಡಿದಿರಿ, ಸತ್ತವರ ಮಾತೆತ್ತಿದ ಸುದ್ದಿ ನಮ್ಮ ಕಿವಿಗೆ ಬೀಳಲಿಲ್ಲ. ಈಗಲಾದರೂ ಎತ್ತಿ. ದಿಬ್ಬಕ್ಕೆ ಮೊದಲ ಯಂತ್ರ ಹೋಗುವ ಮುನ್ನ ಸತ್ತವರ ಪಟ್ಟಿ ಪ್ರಕಟವಾಗಲಿ, ಅಪಘಾತದಲ್ಲಿ ಹೋದವರದೂ ಸಿಲಿಕೋಸಿಸ್‌ನಿಂದ ಹೋದವರದೂ. ಹೆಸರು ಬಿಟ್ಟುಹೋಗಿದ್ದರೆ ಮನೆಯವರು ಬಂದು ಸೇರಿಸುವ ಹಾಗಿರಲಿ. ಚಾಂಪಿಯನ್ ರೀಫ್‌ನ ಬಿಜಿಎಂಎಲ್ ಆಸ್ಪತ್ರೆ ಇಪ್ಪತ್ತು ವರ್ಷ ಬೀಗ ಬಿದ್ದಿತ್ತು. 2021ರಲ್ಲಿ ಕೋವಿಡ್ ಬಂದಾಗ ಸ್ವಯಂಸೇವಕರು ಕಸ ಹೊಡೆದು, ತೊಳೆದು ಅದನ್ನು ಬಳಕೆಗೆ ತಂದರು. ಅಂದರೆ ಕಟ್ಟಡಕ್ಕೆ ಜೀವವಿದೆ. ಒಂದು ಭಾಗದಲ್ಲಿ ಆ ಪಟ್ಟಿ, ಗಣಿಗೆ ಇಳಿಸುತ್ತಿದ್ದ ಕೇಜು, ಹೆಲ್ಮೆಟ್ಟು, ಮುಷ್ಕರದ ಕಾಗದಪತ್ರ ಇರಲಿ. ಇನ್ನೊಂದು ಭಾಗದಲ್ಲಿ ಉಸಿರಿನ ತಜ್ಞ ವೈದ್ಯರು ಕೂರಲಿ. ಇದಕ್ಕೆ ಹೊಸ ತೆರಿಗೆ ಬೇಕಿಲ್ಲ. ಗಣಿಬಾಧಿತರಿಗೆಂದೇ ಜಿಲ್ಲಾ ಖನಿಜ ಪ್ರತಿಷ್ಠಾನದ ನಿಧಿ ಇದೆ. ದಯವಿಟ್ಟು ಅದನ್ನು ಸ್ವಾಗತ ಕಮಾನಿಗೂ ಹೈಮಾಸ್ಟ್ ದೀಪಕ್ಕೂ ಸುರಿಯಬೇಡಿ.

ಇನ್ನೊಂದನ್ನು ಬರವಣಿಗೆಯಲ್ಲೇ ಉತ್ತರಿಸಿ. ದಿಬ್ಬ ಅಗೆದು, ಮಣ್ಣನ್ನು ಮತ್ತೆ ಸಂಸ್ಕರಿಸಿ, ಚಿನ್ನ ಹೋದಮೇಲೆ ಉಳಿಯುವ ಕೋಟಿಗಟ್ಟಲೆ ಟನ್ ಹಿಟ್ಟನ್ನು ಎಲ್ಲಿ ಸುರಿಯುತ್ತಾರೆ? ಅಗೆಯುವಾಗ ಏಳುವ ಧೂಳಿಗೆ ಯಾರು ಹೊಣೆ? ಅಜ್ಜನ ಶ್ವಾಸಕೋಶ ತಿಂದ ಕಲ್ಲಿನ ಪುಡಿಯನ್ನೇ ಮೊಮ್ಮಗನಿಗೆ ಉಸಿರಾಡಲು ಕೊಟ್ಟು, ಪಕ್ಕದಲ್ಲಿ ಸ್ಮಾರಕ ಉದ್ಘಾಟಿಸಲು ನೀವು ಬಂದರೆ ಹಾರ ಹಾಕಲು ಯಾರೂ ಬರುವುದಿಲ್ಲ.

ಟೆಂಡರ್ ಷರತ್ತುಗಳ ಬಗ್ಗೆ ಕೇಂದ್ರದೊಡನೆ ಮಾತಾಡುವ ನಿಮ್ಮ ಅಧಿಕಾರಿ ಯಾರೆಂದು ತಿಳಿಸಿ. ಮಾರಿಕುಪ್ಪಂ ರೈಲಿನಲ್ಲಿ ದಿನಾ ಬರುವವರಲ್ಲಿ ನಾಲ್ಕು ಜನ ಒಂದು ದಿನದ ಕೂಲಿ ಬಿಟ್ಟು ವಿಧಾನಸೌಧಕ್ಕೆ ಬರುತ್ತಾರೆ, ತಮ್ಮ ಮನೆಗಳಲ್ಲಿ ಸತ್ತವರ ಹೆಸರು ಬರೆದುಕೊಂಡು. ಪಟ್ಟಿಯನ್ನು ಅಲ್ಲಿಂದಲೇ ಶುರುಮಾಡಬಹುದು.

ಇಂತಿ,
ಕೋಲಾರ ಜಿಲ್ಲೆಯ ಒಬ್ಬ ಮತದಾರ