ಮನಶ್ಶಾಸ್ತ್ರ ಓದಲು ಕಾರ್ಕಳದವರು ಎಲ್ಲಿಗೆ ಹೋಗಬೇಕು?

2025ರ ಮಳೆಗಾಲದಲ್ಲಿ ದಿಲ್ಲಿಯಿಂದ ಎರಡು ಆದೇಶಗಳು ಬೆನ್ನುಬೆನ್ನಿಗೆ ಬಂದವು. ವಿದ್ಯಾರ್ಥಿಗಳ ಆತ್ಮಹತ್ಯೆಯ ಪ್ರಶ್ನೆ ಎದ್ದಿದ್ದ ಸುಖದೇಬ್ ಸಾಹಾ ಪ್ರಕರಣದಲ್ಲಿ ಜುಲೈ 25ರಂದು ತೀರ್ಪಿತ್ತ ಸುಪ್ರೀಂ ಕೋರ್ಟ್, ನೂರು ಅಥವಾ ಅದಕ್ಕಿಂತ ಹೆಚ್ಚು ಮಕ್ಕಳಿರುವ ಪ್ರತಿ ಶಿಕ್ಷಣ ಸಂಸ್ಥೆಯಲ್ಲೂ ಅರ್ಹ ಆಪ್ತಸಮಾಲೋಚಕರೋ ಮನಶ್ಶಾಸ್ತ್ರಜ್ಞರೋ ಸಮಾಜಕಾರ್ಯ ಓದಿದವರೋ ಒಬ್ಬರಾದರೂ ಇರಬೇಕು ಎಂದಿತು. ಮರುತಿಂಗಳು ಪತ್ರಿಕೆಗಳಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗದ, ಅಂದರೆ ಯುಜಿಸಿಯ, ಆದೇಶ: ಮನಶ್ಶಾಸ್ತ್ರವನ್ನು ಇನ್ನು ದೂರಶಿಕ್ಷಣದಲ್ಲಾಗಲಿ ಆನ್‌ಲೈನ್‌ನಲ್ಲಾಗಲಿ ಕಲಿಸಕೂಡದು, ಜುಲೈ–ಆಗಸ್ಟ್ 2025ರ ಸತ್ರದಿಂದಲೇ ಹೊಸ ಪ್ರವೇಶ ಇಲ್ಲ. ಕಾರಣವಾಗಿ ತೋರಿಸಿದ್ದು ಆರೋಗ್ಯ ವೃತ್ತಿಗಳಿಗೆಂದು 2021ರಲ್ಲಿ ಬಂದ ರಾಷ್ಟ್ರೀಯ ಆಯೋಗದ ಕಾಯ್ದೆಯನ್ನು. ನಿಷೇಧದ ಪಟ್ಟಿಯಲ್ಲಿ ಸೂಕ್ಷ್ಮಜೀವಿಶಾಸ್ತ್ರ, ಜೈವಿಕ ತಂತ್ರಜ್ಞಾನ, ಆಹಾರ ಮತ್ತು ಪೋಷಣೆ ಎಲ್ಲ ಸೇರಿದ್ದವು.

ಕಾಲೇಜಿಗೊಬ್ಬರು ಬೇಕು ಎನ್ನುತ್ತದೆ ಕೋರ್ಟು. ಅವರು ತಯಾರಾಗುತ್ತಿದ್ದ ದೊಡ್ಡ ದಾರಿಯೊಂದಕ್ಕೆ ಯುಜಿಸಿ ಬೇಲಿ ಹಾಕುತ್ತದೆ. ಸೇತುವೆಗೆ ಕಂಬ ನಿಲ್ಲುವ ಮೊದಲೇ ಕಡವಿನ ದೋಣಿ ನಿಲ್ಲಿಸಿದ ಹಾಗೆ.

ಕಾರ್ಕಳ ಇರುವ ಉಡುಪಿ ಜಿಲ್ಲೆಯಿಂದ ಇಗ್ನೋದಂಥ ಮುಕ್ತ ವಿಶ್ವವಿದ್ಯಾಲಯಗಳಲ್ಲಿ ಮನಶ್ಶಾಸ್ತ್ರ ಎಂ.ಎ.ಗೆ ಹೆಸರು ನೋಂದಾಯಿಸುತ್ತಿದ್ದವರು ಯಾರು? ಹೈಸ್ಕೂಲು ಮೇಷ್ಟ್ರುಗಳು, ನರ್ಸುಗಳು, ಮದುವೆಯಾಗಿ ಮಕ್ಕಳು ಶಾಲೆಗೆ ಹೋಗತೊಡಗಿದ ಮೇಲೆ ಮತ್ತೆ ಪುಸ್ತಕ ಹಿಡಿದ ಹೆಂಗಸರು, ಗಂಡ ಮುಂಬಯಿಯಲ್ಲೋ ಕೊಲ್ಲಿಯಲ್ಲೋ ಇದ್ದು ಅತ್ತೆ ಮಾವನನ್ನು ಬಿಟ್ಟು ಹೊರಡಲಾಗದವರು. 2011ರ ಜನಗಣತಿಯಲ್ಲಿ ಈ ಜಿಲ್ಲೆಯ ಜನಸಂಖ್ಯೆ 11,77,361. ಸಾವಿರ ಗಂಡಸರಿಗೆ 1094 ಹೆಂಗಸರು. ಓದಿದ, ಮನೆ ಬಿಟ್ಟು ದೂರ ಹೋಗಲಾಗದ ಹೆಂಗಸರು ಇಷ್ಟೊಂದು ಮಂದಿ ಇರುವ ಊರಿಗೆ ದೂರಶಿಕ್ಷಣ ಎರಡನೆಯ ದರ್ಜೆಯ ಆಯ್ಕೆ ಆಗಿರಲಿಲ್ಲ, ಇದ್ದದ್ದೇ ಅದೊಂದು. ಯಾರಿಗಾದರೂ ಮಂಡೆ ಬಿಸಿಯಾದಾಗ ಪಕ್ಕದಲ್ಲಿ ಕೂತು ಕೇಳುವ ತಾಳ್ಮೆ ಇರುವುದೂ ಹೆಚ್ಚಾಗಿ ಇಂಥವರಿಗೇ ಎಂಬುದು ಯಾವ ಪ್ರವೇಶ ಪರೀಕ್ಷೆಯ ಲೆಕ್ಕಕ್ಕೂ ಸಿಕ್ಕುವುದಿಲ್ಲ.

ಯುಜಿಸಿಯ ಪರವಾಗಿ ಹೇಳುವ ಮಾತಿದೆ, ಅದು ಟೊಳ್ಳಲ್ಲ. ರೋಗಿಯ ಮುಖವನ್ನೇ ನೋಡದೆ, ಒಂದು ಪರೀಕ್ಷಾ ಸಾಧನವನ್ನೂ ಕೈಯಲ್ಲಿ ಹಿಡಿಯದೆ, ಅಂಚೆಯಲ್ಲಿ ಬಂದ ಪುಸ್ತಕ ಓದಿ ಪದವಿ ಪಡೆದವರು ನಾಳೆ ಬೋರ್ಡು ಹಾಕಿ ಕೂತರೆ? ನಾಲ್ಕು ವಾರದ ಸರ್ಟಿಫಿಕೇಟು ಗೋಡೆಗೆ ತೂಗುಹಾಕಿ ‘ಥೆರಪಿಸ್ಟ್’ ಎಂದು ಕರೆದುಕೊಳ್ಳುವವರು ಇನ್‌ಸ್ಟಾಗ್ರಾಂನಲ್ಲಿ ಬೇಕಾದಷ್ಟಿದ್ದಾರೆ. ಖಿನ್ನತೆಯ ಮನುಷ್ಯನಿಗೆ ‘ಪಾಸಿಟಿವ್ ಆಗಿ ಯೋಚಿಸಿ’ ಎಂದು ಹೇಳಿ ಗಂಟೆಯ ಲೆಕ್ಕದಲ್ಲಿ ದುಡ್ಡು ಇಸಕೊಳ್ಳುವುದು ಅಪರಾಧಕ್ಕೆ ಹತ್ತಿರದ ಕೆಲಸ. ಇದನ್ನು ನಿಲ್ಲಿಸಬೇಕು ಎನ್ನುವುದರಲ್ಲಿ ನನಗೆ ತಕರಾರಿಲ್ಲ.

ಆದರೆ ಆ ಬೋರ್ಡುಗಳೆಲ್ಲ ದೂರಶಿಕ್ಷಣದವರವು ಎಂದು ಯಾರು ಹೇಳಿದರು? ಇಗ್ನೋದ ಎಂ.ಎ.ಯಲ್ಲಿ ಪ್ರಾಯೋಗಿಕ ಭಾಗವಿತ್ತು, ಇಂಟರ್ನ್‌ಶಿಪ್ ಇತ್ತು, ಪ್ರಾಜೆಕ್ಟ್ ಇತ್ತು. ಸಾಲದೇ? ಹಾಗಿದ್ದರೆ ಹೆಚ್ಚಿಸಬಹುದಿತ್ತು, ವಾರಾಂತ್ಯದ ಕಡ್ಡಾಯ ತರಗತಿ, ಜಿಲ್ಲಾಸ್ಪತ್ರೆಯಲ್ಲಿ ಇಷ್ಟು ಗಂಟೆ ಎಂದು ಗೊತ್ತುಮಾಡಬಹುದಿತ್ತು. ಇನ್ನೊಂದು ಕಡೆ, ದಿನವೂ ಹಾಜರಿ ಕರೆಯುವ ರೆಗ್ಯುಲರ್ ಕೋರ್ಸುಗಳ ಒಳಗೆ ಏನು ನಡೆಯುತ್ತಿದೆ ಎಂದೂ ಸ್ವಲ್ಪ ನೋಡಬೇಕು. ಎಷ್ಟೋ ಎಂ.ಎಸ್ಸಿ. ಪ್ರಬಂಧಗಳು ಹುಟ್ಟುವುದು ವಾಟ್ಸ್ಆ್ಯಪ್ ಗುಂಪಿನಲ್ಲಿ. ‘ದಯವಿಟ್ಟು ಐದು ನಿಮಿಷ ಬಿಡುವು ಮಾಡಿಕೊಂಡು ತುಂಬಿಸಿ’ ಎಂಬ ಗೂಗಲ್ ಫಾರ್ಮು, ಇಂಗ್ಲಿಷಿನಲ್ಲಿ ತಯಾರಾದ ಪ್ರಶ್ನಾವಳಿ, ಗೆಳತಿಯರು ಗೆಳತಿಯರ ಗೆಳತಿಯರಿಗೆ ಕಳಿಸಿದ್ದು, ಕೊನೆಗೆ ‘ಕಾಲೇಜು ವಿದ್ಯಾರ್ಥಿಗಳಲ್ಲಿ ಮೊಬೈಲ್ ಬಳಕೆ ಮತ್ತು ಆತಂಕ’ ಎಂಬ ತೀರ್ಮಾನ. ಮಲ್ಪೆ ಬಂದರಿನಲ್ಲಿ ಮೀನು ವಿಂಗಡಿಸುವ ಹೆಂಗಸಿನ ಆತಂಕ ಆ ಫಾರ್ಮಿಗೆ ಎಂದೂ ಬರುವುದಿಲ್ಲ. ಇನ್ನು ಇಂಟರ್ನ್‌ಶಿಪ್ಪಿನ ಕಥೆ. ಕಲಿಯುವವರೇ ದುಡ್ಡು ತೆತ್ತು, ಆನ್‌ಲೈನಿನಲ್ಲಿ ಯಾರದೋ ಉಪನ್ಯಾಸ ಕೇಳಿ, ಪ್ರಮಾಣಪತ್ರ ಕೊಂಡು ತರುವ ವ್ಯಾಪಾರ ಇಡೀ ದೇಶದಲ್ಲಿ ನಡೆದಿದೆ. ಮುಂದಿನ ಅರ್ಜಿಗೆ ಆ ಕಾಗದ ಬೇಕು, ಅದಕ್ಕೇ. ಗುಣಮಟ್ಟದ ಕಾಳಜಿ ನಿಜವಾಗಿದ್ದರೆ ಮೊದಲು ಕೈ ಹಾಕಬೇಕಾದದ್ದು ಅಲ್ಲಿಗೆ.

ಕ್ಲಿನಿಕಲ್ ಸೈಕಾಲಜಿಯ ಗೋಜಲು ಇದಕ್ಕಿಂತ ಹಳೆಯದು. ಎಂ.ಎ. ಮುಗಿಸಿದವರು ಎರಡು ವರ್ಷದ ಎಂ.ಫಿಲ್. ಮಾಡಿ, ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ, ಅಂದರೆ ಎಲ್ಲರೂ ಹೇಳುವ ಆರ್‌ಸಿಐಯಲ್ಲಿ, ನೋಂದಣಿ ಪಡೆಯುವುದು ರೂಢಿಯ ದಾರಿಯಾಗಿತ್ತು. 2017ರ ಮಾನಸಿಕ ಆರೋಗ್ಯ ಕಾಯ್ದೆ ಕ್ಲಿನಿಕಲ್ ಸೈಕಾಲಜಿಸ್ಟ್ ಯಾರು ಎಂದು ಹೇಳುವಾಗ ಈ ಎಂ.ಫಿಲ್. ಅನ್ನು ಹೆಸರು ಹಿಡಿದೇ ಕರೆಯುತ್ತದೆ. ಅತ್ತ 2020ರ ಶಿಕ್ಷಣ ನೀತಿ ಎಂ.ಫಿಲ್. ಬೇಡ ಎಂದಿತು. 2022ರ ನವೆಂಬರಿನಲ್ಲಿ ಯುಜಿಸಿ ನಿಯಮವನ್ನೇ ಮಾಡಿ ನಿಲ್ಲಿಸಿತು. 2023ರ ಡಿಸೆಂಬರಿನಲ್ಲಿ, ಎಂ.ಫಿಲ್. ಮಾನ್ಯ ಪದವಿಯಲ್ಲ, ಯಾರೂ ಸೇರಬೇಡಿ ಎಂದು ಎಚ್ಚರಿಸಿತು. ತಿಂಗಳು ತುಂಬುವುದರೊಳಗೆ ಆಸ್ಪತ್ರೆಗಳಲ್ಲಿ ಜನ ಬೇಕಲ್ಲ ಎಂದು ನೆನಪಾಯಿತು. 2024ರ ಜನವರಿಯಲ್ಲಿ ಕ್ಲಿನಿಕಲ್ ಸೈಕಾಲಜಿ ಮತ್ತು ಮನೋವೈದ್ಯಕೀಯ ಸಮಾಜಕಾರ್ಯಕ್ಕೆ ಮಾತ್ರ 2025–26ರ ತನಕ ವಿನಾಯಿತಿ. ಆಮೇಲಿನ ಕಾಲಕ್ಕೆಂದು ನಾಲ್ಕು ವರ್ಷದ ಸೈ.ಡಿ. (ಡಾಕ್ಟರ್ ಆಫ್ ಸೈಕಾಲಜಿ), ಎರಡು ವರ್ಷದ ಕ್ಲಿನಿಕಲ್ ಸೈಕಾಲಜಿ ಎಂ.ಎ., ಆನರ್ಸ್ ಬಿ.ಎಸ್ಸಿ. ಎಂದೆಲ್ಲ ಹೊಸ ಹೆಸರುಗಳು ಬಂದವು.

ಕಾಪುವಿನ ಮನೆಯೊಂದರಲ್ಲಿ ಪದವಿ ಮೊದಲ ವರ್ಷದ ಹುಡುಗಿ ಇದನ್ನೆಲ್ಲ ಹೇಗೆ ಅರ್ಥಮಾಡಿಕೊಳ್ಳಬೇಕು? ಅವಳು ಪಿಯುಸಿಯಲ್ಲಿದ್ದಾಗ ಕೇಳಿದ ದಾರಿ ಪದವಿ ಮುಗಿಯುವ ಹೊತ್ತಿಗೆ ಇಲ್ಲ. ಅಪ್ಪ ಅಮ್ಮನಿಗೆ ವಿವರಿಸಲು ಹೊರಟರೆ ಯುಜಿಸಿ, ಆರ್‌ಸಿಐ, ಆರೋಗ್ಯ ವೃತ್ತಿಗಳ ಹೊಸ ಆಯೋಗ ಎಂದು ಮೂರು ಸಂಸ್ಥೆಗಳ ಹೆಸರು ಹೇಳಬೇಕು, ಒಂದಕ್ಕೊಂದು ತಾಳೆಯಾಗುವುದಿಲ್ಲ. ಅವರು ಕೊನೆಗೆ ಕೇಳುವುದು ಒಂದೇ: ‘ಇದೆಲ್ಲ ಯಾಕೆ, ಬಿ.ಎಡ್. ಮಾಡಬಾರದಾ ಮಗಾ?’ ಬಿ.ಎಡ್. ಮಾಡಿದರೆ ಏನಾಗುತ್ತದೆ ಎಂದು ಆ ಅಪ್ಪನಿಗೆ ಗೊತ್ತು. ಸೈ.ಡಿ. ಮಾಡಿದರೆ ಏನಾಗುತ್ತದೆಂದು ಅವರ ಮಗಳಿಗೆ ಹೇಳಬಲ್ಲವರು ಅವಳ ಕಾಲೇಜಿನಲ್ಲೂ ಹೆಚ್ಚು ಜನ ಇಲ್ಲ.

‘ಮಣಿಪಾಲ ಇದೆಯಲ್ಲ’ ಎಂದು ಬೆಂಗಳೂರಿನವರು ಥಟ್ಟನೆ ಹೇಳುತ್ತಾರೆ. ಇದೆ. ಡಾ. ಟಿ.ಎಂ.ಎ. ಪೈ ಅವರು 1953ರಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜು ತೆರೆದದ್ದು ಈ ಗುಡ್ಡದ ಮೇಲೆ. ಇವತ್ತು ಅದೇ ಗುಡ್ಡದಲ್ಲಿ ಆರೋಗ್ಯ ವೃತ್ತಿಗಳ ಕಾಲೇಜಿದೆ, ಅಲ್ಲಿ ಕ್ಲಿನಿಕಲ್ ಸೈಕಾಲಜಿ ವಿಭಾಗವಿದೆ, ಪಕ್ಕದಲ್ಲೇ ದೊಡ್ಡ ಆಸ್ಪತ್ರೆ. ಆದರೆ ಡೀಮ್ಡ್ ವಿಶ್ವವಿದ್ಯಾಲಯಕ್ಕೆ ಇಡೀ ದೇಶದಿಂದ ಅರ್ಜಿ ಬರುತ್ತದೆ, ಫೀಸಿನ ಲೆಕ್ಕ ಲಕ್ಷಗಳಲ್ಲಿ ನಡೆಯುತ್ತದೆ, ಮೇಲ್ವಿಚಾರಕರು ಎಷ್ಟಿದ್ದಾರೋ ಅಷ್ಟಕ್ಕೇ ಸೀಟು. ಖಾಸಗಿ ಕಾಲೇಜು ತನ್ನ ಆಡಳಿತವನ್ನೂ ಶುಲ್ಕವನ್ನೂ ಎಷ್ಟು ಮಟ್ಟಿಗೆ ತಾನೇ ನಡೆಸಬಹುದು ಎಂಬ ಪ್ರಶ್ನೆಗೆ 2002ರಲ್ಲಿ ಸುಪ್ರೀಂ ಕೋರ್ಟಿನ ಹನ್ನೊಂದು ನ್ಯಾಯಾಧೀಶರ ಪೀಠ ಉತ್ತರ ಕೊಟ್ಟ ಪ್ರಕರಣದ ಹೆಸರೇ ಟಿ.ಎಂ.ಎ. ಪೈ ಫೌಂಡೇಶನ್. ಖಾಸಗಿ ಸಂಸ್ಥೆ ಖಾಸಗಿಯಾಗಿ ನಡೆಯುವುದಕ್ಕೆ ಸಿಟ್ಟಾಗುವುದರಲ್ಲಿ ಅರ್ಥವಿಲ್ಲ. ಮಣಿಪಾಲವನ್ನು ತೋರಿಸಿ ಎಪ್ಪತ್ತು ವರ್ಷ ಕೈ ಕಟ್ಟಿ ಕೂತ ಸರ್ಕಾರದ ಮೇಲೆ ಸಿಟ್ಟು ಬರಬೇಕು. ಈ ಜಿಲ್ಲೆಯಲ್ಲಿ ಒಂದು ಸರ್ಕಾರಿ ವೈದ್ಯಕೀಯ ಕಾಲೇಜಿಗಾಗಿ ಇಷ್ಟು ವರ್ಷ ಬೊಬ್ಬೆ ಹೊಡೆಯಬೇಕಾಯಿತಲ್ಲ, ಇದೂ ಅದರದೇ ಬಾಲ.

ಹೀಗಾಗಬೇಕಾದ ರಾಜ್ಯವೇ ಇದಲ್ಲ ಎನ್ನುವುದು ನನ್ನ ದೊಡ್ಡ ಬೇಸರ. ಮೈಸೂರು ವಿಶ್ವವಿದ್ಯಾಲಯ ಮನಶ್ಶಾಸ್ತ್ರ ವಿಭಾಗ ತೆರೆದದ್ದು 1924ರಲ್ಲಿ, ಇಂಗ್ಲೆಂಡಿನಲ್ಲಿ ಮನಶ್ಶಾಸ್ತ್ರಜ್ಞ ಸ್ಪಿಯರ್‌ಮನ್ ಹತ್ತಿರ ಕಲಿತು ಬಂದ ಎಂ.ವಿ. ಗೋಪಾಲಸ್ವಾಮಿ ಅವರ ಕೈಯಿಂದ. ಬೆಂಗಳೂರಿನಲ್ಲಿ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಬಂತು, 1974ರಲ್ಲಿ ಅದೇ ನಿಮ್ಹಾನ್ಸ್ ಆಯಿತು. ಮನೋರೋಗ ಚಿಕಿತ್ಸೆಯನ್ನು ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಒಯ್ಯಬಹುದೆಂದು 1980ರ ದಶಕದಲ್ಲಿ ನಿಮ್ಹಾನ್ಸ್ ತೋರಿಸಿಕೊಟ್ಟದ್ದು ಬಳ್ಳಾರಿಯಲ್ಲಿ. 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆ ಮಾದರಿಯ ಮೇಲೆಯೇ ನಿಂತಿತು. ಇಷ್ಟಾಗಿ, 2015–16ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ಅದೇ ನಿಮ್ಹಾನ್ಸ್ ಕಂಡುಕೊಂಡದ್ದು, ಕಾಯಿಲೆಗಳನ್ನು ಅವಲಂಬಿಸಿ ನೂರಕ್ಕೆ 70ರಿಂದ 92 ಮಂದಿಗೆ ಚಿಕಿತ್ಸೆಯೇ ಸಿಕ್ಕುವುದಿಲ್ಲ ಎಂಬುದನ್ನು. ಸರ್ಕಾರಿ ಫೀಸಿನಲ್ಲಿ ಮನಶ್ಶಾಸ್ತ್ರದ ಸ್ನಾತಕೋತ್ತರ ಪದವಿ ಓದಬೇಕಾದರೆ ಕಾರ್ಕಳದವರು ಹೆಚ್ಚಾಗಿ ಘಾಟಿ ಹತ್ತಿ ಮೈಸೂರಿಗೋ ಬೆಂಗಳೂರಿಗೋ ಧಾರವಾಡಕ್ಕೋ ನಡೆಯಬೇಕು. ಬಸ್ಸು ಹತ್ತಬಲ್ಲವರು ಹತ್ತುತ್ತಾರೆ. ಹತ್ತಲಾಗದವರಿಗಾಗಿಯೇ ಇದ್ದದ್ದು ದೂರಶಿಕ್ಷಣ.

ಇನ್ನೊಂದು ವಿಷಯ, ಯಾರೂ ಬಾಯಿಬಿಟ್ಟು ಹೇಳದ್ದು: ಭಾಷೆ. ಪ್ರವೇಶ ಪರೀಕ್ಷೆ ಇಂಗ್ಲಿಷ್, ಸಂದರ್ಶನ ಇಂಗ್ಲಿಷ್, ‘ನೀವೇಕೆ ಈ ಕ್ಷೇತ್ರಕ್ಕೆ ಬರುತ್ತೀರಿ’ ಎಂದು ಬರೆದುಕೊಡಬೇಕಾದ ಪುಟವೂ ಇಂಗ್ಲಿಷ್. ಆ ಪುಟ ಚೆನ್ನಾಗಿ ಬರೆಯುವುದು ಹೇಗೆಂದು ನಗರದ ಮಕ್ಕಳಿಗೆ ಕೋಚಿಂಗ್ ಸಿಗುತ್ತದೆ. ಮುಗಿಸಿ ಬಂದವರು ಕೂರುವುದು ಮಾತ್ರ ತುಳುವಿನಲ್ಲಿ, ಕೊಂಕಣಿಯಲ್ಲಿ, ಬ್ಯಾರಿಯಲ್ಲಿ, ಕುಂದಗನ್ನಡದಲ್ಲಿ ಅಳುವವರ ಎದುರು. ಎದೆ ಉರಿಯುತ್ತದೆ, ಕೈಕಾಲು ಸೋಲುತ್ತದೆ, ರಾತ್ರಿ ಯಾರೋ ಬಂದು ಕೂತ ಹಾಗಾಗುತ್ತದೆ ಎನ್ನುವ ಅಜ್ಜಿ ಮೊದಲು ಪಾತ್ರಿಯ ಹತ್ತಿರ ಹೋಗಿ ದೈವದ ನುಡಿ ಕೇಳಿಯೇ ಆಸ್ಪತ್ರೆಯ ಮೆಟ್ಟಿಲು ಹತ್ತಿರುತ್ತಾಳೆ. ಆ ನುಡಿ ಅವಳಿಗೆ ಏನು ಎಂದು ತಿಳಿಯದವರು ಅವಳ ಕಾಯಿಲೆಯನ್ನು ಹೇಗೆ ಅಳೆಯುತ್ತಾರೆ? ನಡುವೆ ನರ್ಸೊಬ್ಬರು ಅನುವಾದಕ್ಕೆ ನಿಂತರೆ ಹೊಟ್ಟೆನೋವಿಗೆ ಸಾಕಾದೀತು. ಗಂಡನ ಬಗ್ಗೆ, ಸೊಸೆಯ ಬಗ್ಗೆ, ಸಾಯಬೇಕೆನಿಸಿದ ಆ ಸಂಜೆಯ ಬಗ್ಗೆ ಮೂರನೆಯವರ ಎದುರು ಯಾರು ಬಾಯಿ ಬಿಡುತ್ತಾರೆ?

ಹಾಗೆಂದು ಆಯ್ಕೆಯಲ್ಲಿ ಇಲ್ಲಿಯ ಭಾಷೆಗೆ ಅಂಕ ಕೊಟ್ಟರೆ ಪ್ರತಿಭೆಗೆ ಅನ್ಯಾಯ, ದೇಶದ ಮಕ್ಕಳನ್ನು ತಡೆದಂತಾಗುತ್ತದೆ ಎಂಬ ಆಕ್ಷೇಪ ಬರುತ್ತದೆ. ಎಂ.ಬಿ.ಬಿ.ಎಸ್. ನೋಡಿ. 2019ರಿಂದ ಮೊದಲ ವರ್ಷದ ಫೌಂಡೇಶನ್ ಕೋರ್ಸಿನಲ್ಲಿ ಸ್ಥಳೀಯ ಭಾಷೆಯ ಕಲಿಕೆ ಸೇರಿದೆ. ಸ್ಟೆತಸ್ಕೋಪು, ಎಕ್ಸ್‌ರೇ, ರಕ್ತಪರೀಕ್ಷೆ ಎಲ್ಲ ಕೈಯಲ್ಲಿರುವವರಿಗೇ ರೋಗಿಯ ಭಾಷೆ ಬೇಕು ಎಂದಾದರೆ, ಮಾತಲ್ಲದೆ ಬೇರೆ ಉಪಕರಣವೇ ಇಲ್ಲದ ವೃತ್ತಿಗೆ ಅದು ಬೇಡ ಎನ್ನುವುದು ಯಾವ ನ್ಯಾಯ?

ಮಾಡಬಹುದಾದ ಕೆಲಸ ಅಸಾಧ್ಯದ್ದೇನೂ ಅಲ್ಲ. ರಾಜ್ಯ ಸರ್ಕಾರ ಉಡುಪಿಯಲ್ಲಿ ಸಾರ್ವಜನಿಕ ಶುಲ್ಕದ ಮನಶ್ಶಾಸ್ತ್ರ ಸ್ನಾತಕೋತ್ತರ ಕೇಂದ್ರ ತೆರೆಯಲಿ. ತರಬೇತಿ ಅಜ್ಜರಕಾಡಿನ ಜಿಲ್ಲಾಸ್ಪತ್ರೆಯಲ್ಲಿ, ಕಾರ್ಕಳದ ತಾಲೂಕು ಆಸ್ಪತ್ರೆಯಲ್ಲಿ, ಕಾಪು ಕಡೆಯ ಆರೋಗ್ಯ ಕೇಂದ್ರಗಳಲ್ಲಿ ನಡೆಯಲಿ. ಮನೋವೈದ್ಯರನ್ನು ತಾಲೂಕಿಗೆ ಕಳಿಸಲು ‘ಮನೋಚೈತನ್ಯ’ ಕಾರ್ಯಕ್ರಮ ಹೇಗೂ ಇದೆ, ಅವರ ಜೊತೆ ವಿದ್ಯಾರ್ಥಿಗಳೂ ಹೋಗಲಿ. ತರಗತಿ ವಾರಕ್ಕೆ ಎರಡು ದಿನ ಇಟ್ಟರೆ ಮೇಷ್ಟ್ರುಗಳೂ ನರ್ಸುಗಳೂ ಬರುತ್ತಾರೆ. ಆಯ್ಕೆಯಲ್ಲಿ ಒಂದು ಭಾಗ, ಇಲ್ಲಿಯ ಭಾಷೆಯೊಂದರಲ್ಲಿ ರೋಗಿಯ ಜೊತೆ ಅರ್ಧ ಗಂಟೆ ಮಾತಾಡಿ ತೋರಿಸುವುದಕ್ಕೆ ಇರಲಿ. ಯಾವ ಪದವಿ ಮಾಡಿದರೆ ಯಾವ ಹೆಸರಿನ ಬೋರ್ಡು ಹಾಕಬಹುದು ಎಂದು ಯುಜಿಸಿ, ಆರ್‌ಸಿಐ, ಹೊಸ ಆಯೋಗ ಮೂರೂ ಒಟ್ಟಿಗೆ ಸಹಿ ಹಾಕಿದ ಒಂದು ಪುಟ ಕನ್ನಡದಲ್ಲಿ ಬರಲಿ. ಅಲ್ಲಿಯ ತನಕ ಅರ್ಜಿ ಹಾಕುವವರು ಕಾಲೇಜಿನ ಜಾಹೀರಾತು ನಂಬಿ ಫೀಸು ಕಟ್ಟಬಾರದು. ಆ ಕೋರ್ಸಿಗೆ, ಆ ಸಂಸ್ಥೆಗೆ, ಆ ವರ್ಷಕ್ಕೆ ಮಂಜೂರಾತಿ ಇದೆಯೇ ಎಂದು ಆರ್‌ಸಿಐಯ ಪಟ್ಟಿಯಲ್ಲೇ ನೋಡಬೇಕು. ಕಳೆದ ವರ್ಷ ಇತ್ತು ಎಂಬ ಉತ್ತರ ಸಾಲದು.

ಸುಪ್ರೀಂ ಕೋರ್ಟಿನ ಮಾತು ನಡೆಯಬೇಕಾದರೆ ಈ ಜಿಲ್ಲೆಯ ಪಿಯು ಕಾಲೇಜುಗಳು, ಪದವಿ ಕಾಲೇಜುಗಳು, ದೊಡ್ಡ ಹೈಸ್ಕೂಲುಗಳು ಎಲ್ಲ ಜನ ಹುಡುಕಬೇಕು. ಜನ ಇಲ್ಲದಿದ್ದರೆ ಏನಾಗುತ್ತದೆಂದು ಊಹಿಸಲು ಮನಶ್ಶಾಸ್ತ್ರ ಓದಬೇಕಿಲ್ಲ: ಸಮಾಜಶಾಸ್ತ್ರದ ಮೇಡಮ್ಮಿಗೆ ಎರಡು ದಿನದ ಕಾರ್ಯಾಗಾರ ಮಾಡಿಸಿ, ಸ್ಟಾಫ್ ರೂಮಿನ ಪಕ್ಕದ ಸ್ಟೋರಿಗೆ ‘ಕೌನ್ಸೆಲಿಂಗ್ ಕೊಠಡಿ’ ಎಂದು ಬರೆಸಿ, ಫೋಟೊ ತೆಗೆದು ವರದಿ ಕಳಿಸುತ್ತಾರೆ. ದೂರಶಿಕ್ಷಣದಲ್ಲಿ ಎರಡು ವರ್ಷ ಓದಿದವಳು ಸಾಲದು ಎಂದ ಯುಜಿಸಿ, ಎರಡು ದಿನದ ಕಾರ್ಯಾಗಾರದವಳ ಬಗ್ಗೆ ಏನು ಹೇಳುತ್ತದೆ?