ಒಡೆದರೆ ಹೇಗೆ ಒಡೆಯಬೇಕು ಗಾಜು?

ಕೊಟ್ಟೂರಿನ ತೇರುಬೀದಿಯಲ್ಲಾಗಲಿ, ಹರಪನಹಳ್ಳಿ ಹಡಗಲಿಗಳ ಬಜಾರಿನಲ್ಲಾಗಲಿ ಹಳೆಯ ಅಂಗಡಿಗಳಿಗೆ ಹಲಗೆ ಬಾಗಿಲು ಇರುತ್ತಿದ್ದುದು ಹಿರಿಯರಿಗೆ ನೆನಪಿರಬಹುದು. ಹತ್ತು ಹನ್ನೆರಡು ಉದ್ದನೆಯ ಹಲಗೆಗಳು, ಪ್ರತಿಯೊಂದರ ಮೇಲೂ ಒಂದು, ಎರಡು, ಮೂರು ಎಂದು ಬಣ್ಣದಲ್ಲಿ ಬರೆದ ಅಂಕಿ. ರಾತ್ರಿ ಸಾವ್ಕಾರರು ಅವುಗಳನ್ನು ಕ್ರಮವಾಗಿ ಹೊಸ್ತಿಲ ಗಾಡಿಯಲ್ಲಿ ಜಾರಿಸಿ, ಅಡ್ಡ ಕಬ್ಬಿಣದ ಪಟ್ಟಿ ಹಾಕಿ, ಬೀಗ ಜಡಿದು ಮನೆಗೆ ಹೋಗುತ್ತಿದ್ದರು. ಆಮೇಲೆ ಗಡಗಡ ಸದ್ದಿನ ಕಬ್ಬಿಣದ ಶಟರ್ ಬಂತು. ಈಗ ಬಂದಿರುವುದು ಗಾಜು. ಕೂಡ್ಲಿಗಿಯಲ್ಲೋ ಹಗರಿಬೊಮ್ಮನಹಳ್ಳಿಯಲ್ಲೋ ಬಸ್ಸಿನಿಂದಿಳಿದು ನಾಲ್ಕು ಹೆಜ್ಜೆ ನಡೆಯಿರಿ: ಬ್ಯಾಂಕಿಗೆ ಗಾಜಿನ ಬಾಗಿಲು, ಬಂಗಾರದಂಗಡಿಗೆ ಗಾಜಿನ ಗೋಡೆ, ಮೊಬೈಲ್ ಅಂಗಡಿಗೆ ಗಾಜು, ಮಹಡಿಯ ಮೇಲಿನ ಕೋಚಿಂಗ್ ಸೆಂಟರಿಗೂ ಗಾಜು. ವಿಜಯನಗರ ಜಿಲ್ಲೆಯ ಈ ಐದೂ ಊರುಗಳು ತಮ್ಮ ಮುಖವನ್ನು ಬದಲಿಸಿಕೊಳ್ಳುತ್ತಿವೆ. ಚೆಂದವೇನೋ ಹೌದು. ಆದರೆ ಗಾಜು ಹಾಕಿಸುವವರು ಸಾಮಾನ್ಯವಾಗಿ ಕೇಳುವುದು ಎಷ್ಟು ದಪ್ಪ, ಯಾವ ಬಣ್ಣ, ಅಡಿಗೆ ಎಷ್ಟು ಎಂಬ ಮೂರೇ ಪ್ರಶ್ನೆ. ಒಡೆದರೆ ಅದು ಹೇಗೆ ಒಡೆಯುತ್ತದೆ ಎಂದು ಕೇಳುವವರು ಕಡಿಮೆ.

ಈ ಪ್ರಶ್ನೆ ಎಷ್ಟು ಗಂಭೀರವಾದದ್ದು ಎಂಬುದಕ್ಕೆ ಕೇರಳದ ಪೆರುಂಬಾವೂರಿನ ಒಂದು ಘಟನೆ ಸಾಕು. 2020ರ ಜೂನ್‌ನಲ್ಲಿ ಅಲ್ಲಿನ ಬ್ಯಾಂಕೊಂದಕ್ಕೆ ಬಂದಿದ್ದ ಮಹಿಳೆಯೊಬ್ಬರು ಯಾವುದೋ ಅವಸರದಲ್ಲಿ ಹೊರಗೆ ಓಡಿದರು. ಎದುರಿಗೆ ಗಾಜಿನ ಬಾಗಿಲು ಮುಚ್ಚಿತ್ತು. ಸ್ವಚ್ಛವಾದ ಗಾಜು ಕಣ್ಣಿಗೆ ಕಾಣುವುದಿಲ್ಲವಷ್ಟೆ? ಡಿಕ್ಕಿ ಹೊಡೆದ ರಭಸಕ್ಕೆ ಬಾಗಿಲು ಒಡೆಯಿತು, ಚೂಪಾದ ಚೂರು ಹೊಟ್ಟೆಗೆ ಹೊಕ್ಕಿತು. ಆಸ್ಪತ್ರೆಗೆ ಸಾಗಿಸಿದರೂ ಜೀವ ಉಳಿಯಲಿಲ್ಲ. ಕಳ್ಳರಿಲ್ಲ, ಬೆಂಕಿಯಿಲ್ಲ, ಭೂಕಂಪವಿಲ್ಲ. ಹಾಡುಹಗಲಲ್ಲಿ ಒಂದು ಬಾಗಿಲು ಮನುಷ್ಯರನ್ನು ಕೊಂದಿತು. ಅದೇ ಜಾಗದಲ್ಲಿ ಬೇರೆ ಬಗೆಯ ಗಾಜು ಇದ್ದಿದ್ದರೆ ಹಣೆಗೊಂದು ಬುಗುಟು ಎದ್ದು ಮುಗಿಯಬಹುದಿತ್ತು.

ಸಾಮಾನ್ಯ ಗಾಜು ಒಡೆದಾಗ ಕತ್ತಿಯಂಥ ಉದ್ದುದ್ದ ಚೂರುಗಳಾಗುತ್ತದೆ. ಕಿಟಕಿಗೆ, ದೇವರ ಪಟಕ್ಕೆ ಬಳಸುವ ಗಾಜು ಇದೇ. ಕರಗಿದ ತವರದ ಮೇಲೆ ಗಾಜಿನ ಪಾಕವನ್ನು ಹರಿಸಿ ಇದನ್ನು ತಯಾರಿಸುತ್ತಾರೆ. ಇಂಗ್ಲೆಂಡಿನ ಪಿಲ್ಕಿಂಗ್‌ಟನ್ ಕಂಪನಿ ಈ ವಿಧಾನವನ್ನು 1959ರಲ್ಲಿ ಜಗತ್ತಿಗೆ ಪ್ರಕಟಿಸಿತು. ತೇಲಿಸಿ ಮಾಡುವುದರಿಂದ ಅದಕ್ಕೆ ಫ್ಲೋಟ್ ಗ್ಲಾಸ್ ಎಂಬ ಹೆಸರು. ನೋಡಲು ನುಣುಪು, ಬೆಲೆಯೂ ಕೈಗೆಟಕುವಂಥದು. ಅದನ್ನು ಇನ್ನಷ್ಟು ದಪ್ಪ ಮಾಡಿದರೆ ಒಡೆಯುವುದು ಕಷ್ಟವಾಗುತ್ತದೆ, ನಿಜ. ಆದರೆ ಒಡೆದಾಗ ಚೂರು ಇನ್ನಷ್ಟು ಭಾರವಾಗಿರುತ್ತದೆ. ‘ದಪ್ಪ ಗಾಜು ಹಾಕಿಸೀನ್ರೀ, ಏನೂ ಆಗಂಗಿಲ್ಲ’ ಎನ್ನುವವರು ಈ ಮಾತನ್ನು ಸ್ವಲ್ಪ ಯೋಚಿಸಬೇಕು.

ಹಾಗಾದರೆ ಗಾಜಿನ ಸ್ವಭಾವವನ್ನೇ ಬದಲಿಸಲು ಸಾಧ್ಯವೇ? ಸಾಧ್ಯ. ಅದರ ಗುಟ್ಟು ಒಂದು ಹಳೆಯ ಆಟಿಕೆಯಲ್ಲಿ ಅಡಗಿದೆ. ಕರಗಿದ ಗಾಜಿನ ಹನಿಯನ್ನು ತಣ್ಣೀರಿಗೆ ಬೀಳಿಸಿದರೆ ಅದು ಗೊದಮೊಟ್ಟೆಯ ಆಕಾರ ತಳೆಯುತ್ತದೆ. ದಪ್ಪನೆಯ ತಲೆ, ಎಳೆಯಂಥ ಬಾಲ. ತಲೆಯ ಮೇಲೆ ಸುತ್ತಿಗೆಯಿಂದ ಹೊಡೆದರೂ ಜಗ್ಗುವುದಿಲ್ಲ. ಬಾಲದ ತುದಿಯನ್ನು ಚಿವುಟಿದರೆ ಸಾಕು, ಇಡೀ ಹನಿ ಪುಡಿಪುಡಿ! ರಾಜಕುಮಾರ ರೂಪರ್ಟ್ ಎಂಬಾತ ಇಂಗ್ಲೆಂಡಿಗೆ ತಂದ ಈ ಹನಿಗಳನ್ನು ಕಂಡು 1661ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ವಿದ್ವಾಂಸರು ತಲೆ ಕೆರೆದುಕೊಂಡರು. (ಮಕ್ಕಳೇ, ಮನೆಯಲ್ಲಿ ಪ್ರಯೋಗ ಬೇಡ; ಕಣ್ಣು ಒಂದೇ ಜೊತೆ ಇರುವುದು.) ಕಾರಣ ಇಷ್ಟೆ. ಹೊರಮೈ ಥಟ್ಟನೆ ತಣಿದು ಗಟ್ಟಿಯಾಗುತ್ತದೆ. ಒಳಗಿನ ಗಾಜು ನಿಧಾನವಾಗಿ ತಣಿಯುತ್ತ, ಕುಗ್ಗುತ್ತ ಹೊರಮೈಯನ್ನು ಒಳಕ್ಕೆ ಎಳೆಯುತ್ತದೆ. ಹೀಗೆ ಮೇಲ್ಮೈ ಸದಾ ಒತ್ತಡದಲ್ಲಿ, ಒಳಭಾಗ ಸದಾ ಸೆಳೆತದಲ್ಲಿ ಉಳಿದುಬಿಡುತ್ತದೆ. ಗಾಜು ಒಡೆಯುವುದು ಮೇಲ್ಮೈಯ ಸಣ್ಣ ಬಿರುಕು ಬಾಯಿ ಬಿಟ್ಟಾಗ. ಒತ್ತಡದಲ್ಲಿರುವ ಮೇಲ್ಮೈ ಆ ಬಿರುಕಿನ ಬಾಯನ್ನು ಬಿಗಿಯಾಗಿ ಮುಚ್ಚಿಟ್ಟಿರುತ್ತದೆ.

ಅಂಗಡಿಯವರು ‘ಟಫನ್ ಗ್ಲಾಸ್’ ಎನ್ನುವ ಟಫನ್ಡ್ ಗಾಜು ಇದೇ ತತ್ವದ ಮಗ. 1874ರಲ್ಲಿ ಫ್ರಾನ್ಸಿನ ದೆ ಲಾ ಬಾಸ್ತಿ ಎಂಬಾತ ಕಾದ ಗಾಜನ್ನು ಎಣ್ಣೆಯಲ್ಲಿ ಅದ್ದಿ ಹದಗೊಳಿಸಿದ. ಈಗಿನ ಕಾರ್ಖಾನೆಗಳಲ್ಲಿ 600 ಡಿಗ್ರಿ ಸೆಲ್ಸಿಯಸ್‌ಗೂ ಮೇಲೆ ಕಾಯಿಸಿ ಎರಡೂ ಮೈಗೆ ಜೋರಾಗಿ ಗಾಳಿ ಊದುತ್ತಾರೆ. ಅಷ್ಟೇ ದಪ್ಪದ ಸಾಮಾನ್ಯ ಗಾಜಿಗಿಂತ ಇದು ನಾಲ್ಕೈದು ಪಟ್ಟು ಬಲಶಾಲಿ. ಅದಕ್ಕಿಂತ ಮುಖ್ಯವಾಗಿ, ಒಡೆದಾಗ ಕಲ್ಲುಸಕ್ಕರೆಯ ಹರಳುಗಳಂತೆ ಮೊಂಡು ಚೂರುಗಳಾಗಿ ಉದುರುತ್ತದೆ. ಮೈ ತರಚಬಹುದು, ಹೊಟ್ಟೆ ಸೀಳುವುದಿಲ್ಲ. ನಮ್ಮ ಸೀಮೆಯ ಬಿಸಿಲಿಗೂ ಇದು ಹೊಂದುತ್ತದೆ. ಬಣ್ಣದ ಗಾಜು ಬಿಸಿಲನ್ನು ಹೀರಿ ಕಾಯುತ್ತದೆ, ಚೌಕಟ್ಟಿನೊಳಗೆ ಅಡಗಿದ ಅಂಚು ಮಾತ್ರ ತಣ್ಣಗಿರುತ್ತದೆ. ಈ ವ್ಯತ್ಯಾಸ ಸುಮಾರು 40 ಡಿಗ್ರಿಯಾದರೆ ಸಾಮಾನ್ಯ ಗಾಜು ಯಾರೂ ಮುಟ್ಟದೆಯೇ ಬಿರುಕು ಬಿಡಬಹುದು. ಟಫನ್ಡ್ ಗಾಜು 200 ಡಿಗ್ರಿಯಷ್ಟು ವ್ಯತ್ಯಾಸವನ್ನೂ ತಾಳಿಕೊಳ್ಳುತ್ತದೆ. ಏಪ್ರಿಲ್ ತಿಂಗಳ ಮಧ್ಯಾಹ್ನ ಪಶ್ಚಿಮಕ್ಕೆ ಮುಖ ಮಾಡಿದ ಅಂಗಡಿಯ ಗಾಜು ‘ತಾನೇ ಒಡೆಯಿತು’ ಎಂದು ಯಾರಾದರೂ ಹೇಳಿದರೆ ದೃಷ್ಟಿ ತಾಗಿತೆಂದು ನಿಂಬೆಹಣ್ಣು ಕಟ್ಟುವ ಮೊದಲು ಈ ಲೆಕ್ಕ ಹಾಕಿ ನೋಡಬಹುದು.

ಟಫನ್ಡ್ ಗಾಜಿಗೆ ಕಳ್ಳ ಹೆದರುತ್ತಾನೆಯೇ? ಇಲ್ಲ. ಗೊದಮೊಟ್ಟೆ ಹನಿಯ ಬಾಲ ನೆನಪಿದೆಯಲ್ಲ? ಚೂಪು ಮೊನೆಯ ಗಟ್ಟಿ ಲೋಹದಿಂದ ಒಂದು ಮೂಲೆಗೋ ಅಂಚಿಗೋ ಏಟು ಬಿದ್ದರೆ ಇಡೀ ಹಾಳೆ ಒಮ್ಮೆಲೇ ಕುಸಿಯುತ್ತದೆ. ಬಾಗಿಲೇ ಮಾಯ. ಟಫನ್ಡ್ ಗಾಜು ಕಾಪಾಡುವುದು ಮನುಷ್ಯರನ್ನು, ಬಂಗಾರವನ್ನಲ್ಲ. ಎರಡೂ ಒಂದೇ ಎಂದುಕೊಂಡು ದುಡ್ಡು ಸುರಿದು ಆಮೇಲೆ ಹಳಹಳಿಸಿದರೆ ಫಲವಿಲ್ಲ.

ಬಂಗಾರ ಕಾಯಲು ಬೇಕಾದದ್ದು ಲ್ಯಾಮಿನೇಟೆಡ್ ಗಾಜು. ಇದರ ಕಥೆಯೂ ಸ್ವಾರಸ್ಯವಾದದ್ದು. 1903ರಲ್ಲಿ ಎದುವಾರ್ ಬೆನೆದಿಕ್ತುಸ್ ಎಂಬ ಫ್ರೆಂಚ್ ರಸಾಯನಜ್ಞನ ಪ್ರಯೋಗಶಾಲೆಯಲ್ಲಿ ಗಾಜಿನ ಬುರುಡೆಯೊಂದು ಕೆಳಗೆ ಬಿತ್ತು. ಬಿರುಕು ಬಿಟ್ಟಿತೇ ಹೊರತು ಚೂರು ಚದುರಲಿಲ್ಲ. ಒಳಗೆ ಹಿಂದೆಂದೋ ಇದ್ದ ಸೆಲ್ಯುಲೋಸ್ ನೈಟ್ರೇಟ್ ದ್ರಾವಣ ಒಣಗಿ ತೆಳ್ಳನೆಯ ಪೊರೆಯಾಗಿ ಗಾಜನ್ನು ಹಿಡಿದುಕೊಂಡಿತ್ತು. ಕಾರು ಅಪಘಾತಗಳಲ್ಲಿ ಗಾಜಿನಿಂದ ಜನ ಗಾಯಗೊಳ್ಳುತ್ತಿದ್ದ ಕಾಲವದು. ಬೆನೆದಿಕ್ತುಸ್ 1909ರಲ್ಲಿ ಪೇಟೆಂಟ್ ಪಡೆದ. ಇಂದು ಎರಡು ಗಾಜಿನ ಹಾಳೆಗಳ ನಡುವೆ ಪಿವಿಬಿ ಎಂಬ ಪ್ಲಾಸ್ಟಿಕ್ ಪೊರೆಯಿಟ್ಟು ಶಾಖ ಮತ್ತು ಒತ್ತಡದಿಂದ ಬೆಸೆಯುತ್ತಾರೆ. ಬಸ್ಸಿನ ಮುಂಗಾಜಿಗೆ ಕಲ್ಲು ಬಿದ್ದಾಗ ಜೇಡರ ಬಲೆಯಂತೆ ಬಿರುಕು ಹರಡಿಯೂ ಗಾಜು ಅಲ್ಲೇ ನಿಂತಿರುವುದನ್ನು ನೀವು ನೋಡಿದ್ದೀರಿ, ಅದು ಇದೇ. ಕಳ್ಳ ಹೊಡೆಯುತ್ತಲೇ ಇರಬೇಕು. ಪೊರೆ ದಪ್ಪವಾದಷ್ಟೂ, ಪದರ ಹೆಚ್ಚಿದಷ್ಟೂ ಅವನಿಗೆ ಬೇಕಾದ ನಿಮಿಷಗಳೂ ಆಗುವ ಸದ್ದೂ ಹೆಚ್ಚುತ್ತವೆ. ಭದ್ರತೆಯ ಗಾಜು ಮಾರುವುದು ಈ ನಿಮಿಷಗಳನ್ನೇ. ಗುಂಡು ತಡೆಯುವ ಗಾಜು ಎನ್ನುವುದು ಸಹ ಇಂಥ ಪದರಗಳ ದಪ್ಪ ಕಟ್ಟು.

ಇಷ್ಟು ಓದಿದ ಸಾವ್ಕಾರರು, ‘ಹಾಗಾದ್ರೆ ಎಲ್ಲಾ ಕಡೆ ಲ್ಯಾಮಿನೇಟೆಡ್ ಹಾಕಿಸಿ ಬಿಡ್ರಪ್ಪಾ’ ಎನ್ನಬಹುದು. ಸ್ವಲ್ಪ ತಡೆಯಿರಿ. ಹೊರಗಿನವನು ಒಳಗೆ ಬರಲಾರದ ಕಟ್ಟಡದಿಂದ ಒಳಗಿನವನು ಹೊರಗೆ ಹೋಗಬಲ್ಲನೇ? ತಂದೆ ತಾಯಂದಿರು ಗಮನವಿಟ್ಟು ಓದಬೇಕಾದ ಭಾಗ ಇದು.

2010ರ ಫೆಬ್ರವರಿ 23ರಂದು ಬೆಂಗಳೂರಿನ ಹಳೆಯ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ ಬೆಂಕಿ ಹೊತ್ತಿತು. ಕಚೇರಿಗಳಿದ್ದ ಬಹುಮಹಡಿ ಕಟ್ಟಡ. ಜ್ವಾಲೆಗಿಂತ ಹೆಚ್ಚಾಗಿ ಜನರನ್ನು ಕಾಡಿದ್ದು ಮೇಲಿನ ಮಹಡಿಗಳಿಗೆ ನುಗ್ಗಿದ ಕಪ್ಪು ಹೊಗೆ. ಉಸಿರಿಗಾಗಿ ಜನ ಕಿಟಕಿಯ ಗಾಜು ಒಡೆದರು. ಕೆಲವರು ತಾಳಲಾರದೆ ಕೆಳಗೆ ಹಾರಿದರು. ಸತ್ತವರು 9 ಜನ. ಆ ದುರಂತದಲ್ಲಿ ತಮ್ಮವರನ್ನು ಕಳೆದುಕೊಂಡವರು ‘ಬಿಯಾಂಡ್ ಕಾರ್ಲ್‌ಟನ್’ ಎಂಬ ಸಂಸ್ಥೆ ಕಟ್ಟಿ ಅಗ್ನಿ ಸುರಕ್ಷತೆಗಾಗಿ ದುಡಿಯತೊಡಗಿದರು. ಅನಂತರ 2019ರ ಮೇ 24ರಂದು ಸೂರತ್‌ನ ತಕ್ಷಶಿಲಾ ಕಟ್ಟಡದ ಮೇಲ್ಮಹಡಿಯ ಕೋಚಿಂಗ್ ತರಗತಿಯಲ್ಲಿ 22 ವಿದ್ಯಾರ್ಥಿಗಳು ಸತ್ತರು. ಅಲ್ಲಿಯೂ ಮಕ್ಕಳು ಮೇಲಿನಿಂದ ಹಾರಿದರು.

ಇವೆಲ್ಲ ದೊಡ್ಡ ನಗರಗಳ ಮಾತು ಎಂದು ತಳ್ಳಿಹಾಕಬೇಡಿ. ನಮ್ಮ ತಾಲ್ಲೂಕು ಕೇಂದ್ರಗಳಲ್ಲಿ ಕಟ್ಟಡ ಎರಡು ಮೂರೇ ಅಂತಸ್ತಿನದಿರಬಹುದು. ಆದರೆ ಕೆಳಗೆ ಬಟ್ಟೆ ಅಂಗಡಿ, ಮೇಲೆ ಟ್ಯೂಷನ್, ನಡುವೆ ಇಬ್ಬರು ಎದುರುಬದುರಾಗಿ ಹಾಯಲಾರದ ಒಂದೇ ಮೆಟ್ಟಿಲು, ಅದರ ಕೆಳಗೇ ಮೀಟರ್ ಬೋರ್ಡು ಇರುವ ಕಟ್ಟಡ ನಿಮ್ಮೂರಲ್ಲಿ ಇಲ್ಲವೇ? ಎ.ಸಿ.ಯ ತಂಪು ಹೊರಗೆ ಹೋಗಬಾರದೆಂದು ತೆರೆಯಲಾಗದ ಗಾಜು ಕೂಡಿಸಿ, ಅದರ ಹೊರಗೆ ಕಬ್ಬಿಣದ ಗ್ರಿಲ್ ಬೆಸುಗೆ ಹಾಕಿಸಿ, ಗ್ರಿಲ್ಲಿನ ಮೇಲೆ ಫ್ಲೆಕ್ಸ್ ಬೋರ್ಡು ಹೊದಿಸಿದರೆ ಮಕ್ಕಳು ಕೂತಿರುವುದು ಪೆಟ್ಟಿಗೆಯೊಳಗೆ. ಲ್ಯಾಮಿನೇಟೆಡ್ ಗಾಜನ್ನು ಹೊಗೆಯ ನಡುವೆ ಕುರ್ಚಿಯಿಂದ ಹೊಡೆದು ದಾರಿ ಮಾಡಿಕೊಳ್ಳುವುದು ಸುಲಭವಲ್ಲ. ಕಳ್ಳನಿಗೆ ಬೇಕಾದ ನಿಮಿಷಗಳು ಅಲ್ಲಿ ಮಕ್ಕಳಿಗೂ ಬೇಕಾಗುತ್ತವೆ.

ಆದ್ದರಿಂದ ನನ್ನ ಅಭಿಪ್ರಾಯ ಹೀಗೆ. ನೆಲಮಹಡಿಯ ಬಂಗಾರದಂಗಡಿಯ ಮುಂಭಾಗಕ್ಕೆ ಲ್ಯಾಮಿನೇಟೆಡ್ ಇರಲಿ. ಜನ ಓಡಾಡುವ ಬಾಗಿಲಿಗೆ, ಒಳಗಿನ ಅಡ್ಡಗೋಡೆಗೆ ಟಫನ್ಡ್ ಇರಲಿ. ಮೇಲೆ ಮಕ್ಕಳು ಕೂರುವ ಕೋಣೆಯಲ್ಲಿ ಮಾತ್ರ ಗಾಜು ಯಾವುದೆಂಬುದಕ್ಕಿಂತ ಮೊದಲು ಕೈಯಿಂದ ತೆರೆಯಬಲ್ಲ ಕಿಟಕಿಗಳು ಬೇಕು, ಗ್ರಿಲ್ ಇದ್ದರೆ ಒಳಗಿನಿಂದ ಬೀಗವಿಲ್ಲದೆ ತೆರೆಯುವ ಪಡಕು ಬೇಕು, ಎರಡನೆಯ ಮೆಟ್ಟಿಲು ಬೇಕು. ಫೀಸು ಕಟ್ಟುವ ದಿನ ರ‍್ಯಾಂಕ್ ಬಂದವರ ಫೋಟೋ ನೋಡುವ ನಾವು ಒಮ್ಮೆ ಮಹಡಿ ಹತ್ತಿ ಕಿಟಕಿ ಎಳೆದು ನೋಡಿದರೆ ಯಾರೂ ಬೇಡವೆನ್ನಲಾರರು. ಬೇಡವೆಂದರೆ ಮಗುವಿಗೆ ಬೇರೆ ಕಡೆ ಹುಡುಕುವುದೇ ಲೇಸು.

ಹಾಕಿದ್ದು ನಿಜವಾಗಿ ಟಫನ್ಡ್ ಹೌದೋ ಅಲ್ಲವೋ ತಿಳಿಯುವುದು ಹೇಗೆ? ಹಾಳೆಯ ಮೂಲೆಯಲ್ಲಿ ಅಳಿಸಲಾಗದ ಸಣ್ಣ ಮುದ್ರೆ ಹುಡುಕಿ. ಸುರಕ್ಷತೆಯ ಗಾಜಿಗೆ ಭಾರತೀಯ ಮಾನಕ ಐ.ಎಸ್. 2553. ಇನ್ನೊಂದು ಗುರುತು ಬಲು ಸುಲಭ. ಟಫನ್ಡ್ ಗಾಜನ್ನು ಹದಗೊಳಿಸಿದ ಮೇಲೆ ಕತ್ತರಿಸಲೂ ಬಾರದು, ತೂತು ಕೊರೆಯಲೂ ಬಾರದು, ಪುಡಿಯಾಗುತ್ತದೆ. ಎಲ್ಲವನ್ನೂ ಮೊದಲೇ ಅಳತೆ ಕೊಟ್ಟು ಕಾರ್ಖಾನೆಯಲ್ಲಿ ಮಾಡಿಸಬೇಕು. ನಿಮ್ಮ ಅಂಗಡಿಯ ಮುಂದೆಯೇ ನಿಂತು ಮಿಸ್ತ್ರಿ ಒಂಟಿ ಹಾಳೆಯನ್ನು ಕೊಯ್ದು ಕೂಡಿಸಿದನೆಂದರೆ ಅದು ಟಫನ್ಡ್ ಅಲ್ಲವೇ ಅಲ್ಲ, ಬಿಲ್ಲಿನಲ್ಲಿ ಏನೇ ಬರೆದಿರಲಿ.

ವಿದ್ಯಾರ್ಥಿಗಳಿಗೆ ಮೂರನೆಯದೊಂದು ದಾರಿಯಿದೆ. ಯಾರದಾದರೂ ಪೋಲರಾಯ್ಡ್ ತಂಪು ಕನ್ನಡಕ ಸಿಕ್ಕರೆ ಬೆಳಿಗ್ಗೆ ಅಥವಾ ಸಂಜೆ ಕಾರಿನ ಹಿಂಗಾಜನ್ನು ಓರೆಯಾಗಿ ನೋಡಿ, ಕತ್ತನ್ನು ಆಚೀಚೆ ವಾಲಿಸಿ. ಸಾಲುಸಾಲು ಮಸುಕು ಕಲೆಗಳು ಕಂಡಾವು. ಗಾಳಿ ಊದಿ ತಣಿಸಿದಾಗ ಗಾಜಿನೊಳಗೆ ಉಳಿದ ಒತ್ತಡದ ಗುರುತುಗಳವು. ಅಲ್ಲಿ ಬೆಳಕು ಬೇರೆ ಬೇರೆ ವೇಗದ ಎರಡು ಕಿರಣಗಳಾಗಿ ಒಡೆಯುವುದರಿಂದ ಕನ್ನಡಕಕ್ಕೆ ಮಾತ್ರ ಕಾಣುತ್ತವೆ. ಪಿಯುಸಿ ಭೌತಶಾಸ್ತ್ರದ ಧ್ರುವೀಕರಣದ ಪಾಠ ಬಾಯಿಪಾಠ ಮಾಡುವವರಿಗೆ ಇದೊಂದು ಬಿಟ್ಟಿ ಪ್ರಯೋಗಶಾಲೆ. ಆಮೇಲೆ ಅದೇ ಕನ್ನಡಕದಿಂದ ಬ್ಯಾಂಕಿನ ಬಾಗಿಲನ್ನು ನೋಡಿ.

ಈಗಾಗಲೇ ಸಾಮಾನ್ಯ ಗಾಜು ಹಾಕಿಸಿಕೊಂಡವರು ಅದನ್ನೆಲ್ಲ ಕಿತ್ತೆಸೆಯಬೇಕಾಗಿಲ್ಲ. ಒಡೆದಾಗ ಚೂರುಗಳನ್ನು ಹಿಡಿದಿಡುವ ಸುರಕ್ಷತಾ ಫಿಲ್ಮ್ ಸಿಗುತ್ತದೆ, ಒಳಮೈಗೆ ಅಂಟಿಸಬಹುದು. ಬಿಸಿಲು ತಡೆಯುವ ಕಪ್ಪು ಕಾಗದ ಬೇರೆ, ಇದು ಬೇರೆ, ಅಂಗಡಿಯಲ್ಲಿ ಸ್ಪಷ್ಟವಾಗಿ ಕೇಳಿ ತನ್ನಿ. ಬಾಗಿಲಿಗೆ ಕಾಣುವಂಥ ಪಟ್ಟಿಯನ್ನೋ ಚುಕ್ಕೆಗಳನ್ನೋ ಅಂಟಿಸುವುದಕ್ಕಂತೂ ಹೆಚ್ಚು ಖರ್ಚಿಲ್ಲ. ಅಂಟಿಸುವಾಗ ದೊಡ್ಡವರ ಕಣ್ಣಿನ ಎತ್ತರಕ್ಕೆ ಒಂದು ಸಾಲು, ಎರಡನೆಯ ತರಗತಿಯ ಹುಡುಗನ ಕಣ್ಣಿನ ಎತ್ತರಕ್ಕೆ ಇನ್ನೊಂದು ಸಾಲು.